ಮುದುಕಿ ಬಂಡೆಯ ಎರಡು ಸಾವಿರ ಮೀನು

ನಾನು ಮೀನುಗಳ ಹಿತೈಷಿ. ಇದು ಬಡಾಯಿ ಮಾತಲ್ಲ, ಬೇಕಾದರೆ ನಮ್ಮ ಕಡೆಯ ಯಾವ ಮೀನನ್ನಾದರೂ ಕೇಳಿ ನೋಡಬಹುದು. ಆರು ವರ್ಷಗಳಿಂದ ಪ್ರತಿ ರವಿವಾರ ಬೆಳಿಗ್ಗೆ ಚಿತ್ತಾಕುಲದ ಮನೆಯಿಂದ ಸ್ಕೂಟರ್ ಹತ್ತಿ ಮಾಜಾಳಿಯ ಬದಿಗೆ ಹೋಗಿ, ಗುಡ್ಡದ ಬುಡದಲ್ಲಿರುವ ಮುದುಕಿ ಬಂಡೆಯ ಮೇಲೆ ಕೂತು ಸಮುದ್ರಕ್ಕೆ ಗಾಳ ಹಾಕುತ್ತೇನೆ. ಈ ಆರು ವರ್ಷಗಳಲ್ಲಿ ನನ್ನಿಂದ ಒಂದು ಮೀನಿನ ಕೂದಲೂ ಕೊಂಕಿಲ್ಲ. ಮೀನಿಗೆ ಕೂದಲಿರುವುದಿಲ್ಲ ಎಂದು ತಕರಾರು ತೆಗೆಯಬೇಡಿ, ಇದ್ದಿದ್ದರೂ ಕೊಂಕುತ್ತಿರಲಿಲ್ಲ. ಗಾಳಕ್ಕೆ ನಾನು ಚುಚ್ಚಿದ ಸೀಗಡಿಯನ್ನು ಅವು ಬಲು ನಾಜೂಕಾಗಿ ಬಿಡಿಸಿಕೊಂಡು, ತಿಂದು, ತಮ್ಮ ದಾರಿ ಹಿಡಿಯುತ್ತವೆ. ಸರಿಯಾಗಿ ನೋಡಿದರೆ ನಾನು ಮೀನು ಹಿಡಿಯುವವನಲ್ಲ, ಮೀನು ಸಾಕುವವನು.

ಹಾಗಾದರೆ ಯಾಕೆ ಹೋಗುತ್ತೀ ಮಾರಾಯ ಎಂದು ನೀವು ಕೇಳಬಹುದು. ವಾರದ ಉಳಿದ ದಿನ ನಾನು ಕಾರವಾರದ ಒಂದು ಕಚೇರಿಯಲ್ಲಿ ಟಪಾಲು ವಿಭಾಗದ ಗುಮಾಸ್ತ. ಅಲ್ಲಿ ಬಂದವರೆಲ್ಲ ನನ್ನನ್ನು ಏನಾದರೊಂದು ಕೇಳುತ್ತಾರೆ, ನಾನು ಎಲ್ಲರಿಗೂ ಎರಡನೇ ಮಹಡಿ ತೋರಿಸುತ್ತೇನೆ. ಮುದುಕಿ ಬಂಡೆಯ ಮೇಲೆ ಯಾರೂ ಏನೂ ಕೇಳುವುದಿಲ್ಲ. ಅದರ ನೆತ್ತಿಯಲ್ಲಿ ಕುರ್ಚಿಯಂಥ ಒಂದು ಗುಳಿ ಇದೆ. ಬಂಡೆ ನನ್ನ ಅಳತೆಗೆ ಸವೆದಿದೆಯೋ, ನಾನು ಬಂಡೆಯ ಅಳತೆಗೆ ಬೆಳೆದಿದ್ದೇನೋ ಗೊತ್ತಿಲ್ಲ, ಅಂತೂ ಅಲ್ಲಿ ಕೂತರೆ ಏಳಲು ಮನಸ್ಸು ಬರುವುದಿಲ್ಲ. ಆ ಬಂಡೆ ಹೋದರೆ ನನಗೆ ರವಿವಾರವೇ ಇಲ್ಲ.

ಈಗ ಒಂದು ಗುಟ್ಟು. ಮೊದಲ ರವಿವಾರ ನಾನು ಬರಿಗೈಯಲ್ಲಿ ಮನೆಗೆ ಬಂದಾಗ ಹೆಂಡತಿ ಸುಜಾತಾ ನನ್ನ ಚೀಲವನ್ನೊಮ್ಮೆ ನೋಡಿ, ಸೌತೆಕಾಯಿ ಹೆಚ್ಚಲು ಕೂತಳು. ಅದೇ ಸಾಕಾಯಿತು. ಎರಡನೇ ರವಿವಾರ ಬಂಡೆಯಿಂದ ರಸ್ತೆಗೆ ಹತ್ತುವ ತಿರುವಿನಲ್ಲಿ ಮೀನಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಸುಲೋಚನಾ ಬಾಯಿ ನನ್ನನ್ನು ಕರೆದಳು. "ಸಾಹೇಬ್ರೆ, ಖಾಲಿ ಚೀಲ ತಕಂಡು ಮನೆಗೆ ಹೋಗ್ತ್ರಾ? ನಾ ಯಾರಿಗೂ ಹೇಳುದಿಲ್ಲ, ಬನ್ನಿ." ಅಂದಿನಿಂದ ನಾನು 'ಹಿಡಿದ' ಮೀನೆಲ್ಲ ಸುಲೋಚನಾ ಬಾಯಿಯ ಬುಟ್ಟಿಯದು. ಮನೆಯಲ್ಲಿ ಸುಜಾತಾ ಹಿಗ್ಗಿದಳು. ಆದರೆ ಒಂದು ಕಟ್ಟಳೆ ಹೊರಡಿಸಿದಳು: "ಹಿಡಿದವರೇ ಹಸನು ಮಾಡುದು. ಅಂಕೋಲೆಲಿ ನಮ್ಮ ಅಪ್ಪನ ಮನೇಲಿ ಹಂಗೇ." ಹೀಗೆ ಆರು ವರ್ಷದಿಂದ ನಾನು ಹಿಡಿಯದ ಮೀನಿನ ಹುರುಪೆ ತೆಗೆಯುತ್ತಿದ್ದೇನೆ.

ಇದರಲ್ಲಿ ನನಗೆ ಅರ್ಥವಾಗದ ಒಂದು ವಿಚಿತ್ರವಿತ್ತು. ಶನಿವಾರ ನಮ್ಮಲ್ಲಿ ಮೀನು ತಿನ್ನುವುದಿಲ್ಲ, ಆದ್ದರಿಂದ ದಿನವಿಡೀ ಮನಸ್ಸೆಲ್ಲ ಮೀನಿನಲ್ಲೇ ಇರುತ್ತದೆ. ಸಂಜೆ ಸುಜಾತಾ, "ನಾಳೆ ಇಸ್ವಾಣ ಸಿಕ್ಕರೆ ಚಲೋ ಆಗ್ತಿತ್ತು" ಅನ್ನುತ್ತಿದ್ದಳು. ಮರುದಿನ ಸುಲೋಚನಾ ಬಾಯಿ ನನಗೆಂದು ಎತ್ತಿಡುತ್ತಿದ್ದದ್ದು ಇಸ್ವಾಣವೇ. ಬಂಗುಡೆ ಅಂದರೆ ಬಂಗುಡೆ. ಹೆಂಡತಿಯ ಬಾಯಲ್ಲಿ ಏನೋ ಶಕ್ತಿಯಿದೆ ಎಂದು ನಾನು ನಂಬಿದ್ದೆ. ಮಳೆ ಯಾವಾಗ ಬರುತ್ತದೆ ಎಂದೂ ಅವಳನ್ನು ಒಮ್ಮೆ ಕೇಳಿದ್ದೆ.

ಹೀಗೆ ಸುಖವಾಗಿದ್ದಾಗ ಮೀನುಗಾರಿಕೆ ಇಲಾಖೆಯವರು ಪಂಚಾಯತಿ ಸಭಾಭವನದಲ್ಲಿ ಒಂದು ಸಭೆ ಕರೆದರು. ಮಾಜಾಳಿಯಿಂದ ಅಂಕೋಲೆಯ ತನಕ ಎಲ್ಲಾದರೂ ಒಂದು ಕಡೆ, ಮೀನು ಮೊಟ್ಟೆಯಿಡುವ ಜಾಗವನ್ನು ಸಂರಕ್ಷಿತ ವಲಯ ಮಾಡುತ್ತಾರಂತೆ. ಗಾಳ ಹಾಕುವ ನಮ್ಮಂಥವರ ಅಭಿಪ್ರಾಯ ಬೇಕಂತೆ. ನಮ್ಮ ಅಭಿಪ್ರಾಯವನ್ನು ಈವರೆಗೆ ಮೀನುಗಳೂ ಕೇಳಿರಲಿಲ್ಲ, ಎಲ್ಲರೂ ಇಸ್ತ್ರಿ ಅಂಗಿ ಹಾಕಿಕೊಂಡು ಹೋದೆವು. ಮಹಿಳಾ ಸಂಘದವರನ್ನೂ ಮೀನು ಮಾರುವವರನ್ನೂ ಕರೆದಿದ್ದರು, ಹಾಗಾಗಿ ಸುಜಾತಾ ಮುಂದಿನ ಸಾಲಿನಲ್ಲಿ, ಅವಳ ಪಕ್ಕದಲ್ಲಿ ಸುಲೋಚನಾ ಬಾಯಿ. ನನ್ನ ಪಕ್ಕದಲ್ಲಿ ಸುಜಾತಾಳ ತಮ್ಮ ದಾಮೋದರ, ಅಂಕೋಲೆಯಿಂದ ಬಂದಿದ್ದ. ಅವನೂ ರವಿವಾರ ಮುದುಕಿ ಬಂಡೆಗೇ ಗಾಳ ಹಾಕಲು ಬರುವವನು.

ಬಾಗಿಲಲ್ಲೇ ಒಂದೊಂದು ಹಾಳೆ ಕೊಟ್ಟರು. ಹೆಸರು, ಕೂರುವ ಜಾಗ, ವರ್ಷಕ್ಕೆ ಎಷ್ಟು ಮೀನು ಹಿಡಿಯುತ್ತೀರಿ. ನಾನು ಸಂಕೋಚದಿಂದಲೇ 'ಇನ್ನೂರು' ಎಂದು ಅಂಕಿಯಲ್ಲಿ ಬರೆದೆ. ಓರೆಗಣ್ಣಿನಿಂದ ನೋಡಿದರೆ ದಾಮೋದರ ಐನೂರು ಬರೆದಿದ್ದಾನೆ. ಭಾವನಾದವನು ಭಾಮೈದನಿಗಿಂತ ಕಡಿಮೆಯಾದರೆ ಹೇಗೆ? ಒಂದು ಸೊನ್ನೆ ಸೇರಿಸಿದೆ.

ಅಧಿಕಾರಿ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಬಲು ಮರ್ಯಾದೆಯಿಂದ ಮಾತಾಡಿದಳು. ಸಮುದ್ರ ಉಳಿಯಬೇಕು ಅಂದಾಗ ನಾವೆಲ್ಲ ಚಪ್ಪಾಳೆ ಹೊಡೆದೆವು. ಒಬ್ಬರು ಎದ್ದು, "ಸೋಮವಾರ, ಗುರುವಾರ, ಶನಿವಾರ ನಾವು ಮೀನು ಮುಟ್ಟುದಿಲ್ಲ. ಶ್ರಾವಣ ಇಡೀ ಮುಟ್ಟುದಿಲ್ಲ. ಇದಕ್ಕಿಂತ ಹೆಚ್ಚು ಸಂರಕ್ಷಣೆ ಎಂತ ಮಾಡುದು ಮೇಡಂ?" ಅಂದರು. ಇನ್ನೊಬ್ಬರು ಎಲ್ಲ ತಪ್ಪನ್ನೂ ದೊಡ್ಡ ಬೋಟಿನವರ ತಲೆಗೆ ಕಟ್ಟಿದರು. ವಲಯ ಎಲ್ಲಿ ಮಾಡೋಣ ಎಂದು ಕೇಳಿದಾಗ ದಾಮೋದರ ಎದ್ದು, ಮುದುಕಿ ಬಂಡೆಯೊಂದು ಬಿಟ್ಟು ಕಾರವಾರದ ಉಳಿದ ಸಮುದ್ರವೆಲ್ಲ ಸಂರಕ್ಷಣೆಗೆ ಹೇಳಿ ಮಾಡಿಸಿದ್ದು ಅಂದ. ನಾನು ಎದ್ದು, ಅಂಕೋಲೆಯ ಸಮುದ್ರ ಅದಕ್ಕಿಂತ ಚಲೋ ಅಂದೆ. ಅಂಕೋಲೆಯವರು ನಮ್ಮ ಸಮುದ್ರವನ್ನೂ ನಾವು ಅಂಕೋಲೆಯವರ ಸಮುದ್ರವನ್ನೂ ಇಷ್ಟು ಹೊಗಳಿದ್ದು ಅದೇ ಮೊದಲು.

ಆಗ ಅಧಿಕಾರಿ ನಮ್ಮ ಹಾಳೆಗಳನ್ನು ಎತ್ತಿಕೊಂಡಳು. ಅವಳ ಮುಖ ಬಾಡಿತು. "ಇದರ ಪ್ರಕಾರ ಅತಿ ಹೆಚ್ಚು ಮೀನು ಹೋಗ್ತಾ ಇರೋದು ಮುದುಕಿ ಬಂಡೆಯಿಂದ. ಹೀಗೇ ಆದರೆ ಅಲ್ಲಿ ಒಂದು ಮೀನೂ ಉಳಿಯೋದಿಲ್ಲ. ಮೊದಲು ಅದನ್ನೇ ಮುಚ್ಚಬೇಕು. ಯಾರೂ ಅಲ್ಲಿ ಕಾಲಿಡಬಾರದು. ಒಬ್ಬರಂತೂ ಎರಡು ಸಾವಿರ ಅಂತ ಬರೆದಿದ್ದಾರೆ." ಯಾರಪ್ಪಾ ಆ ಪಾಪಿ ಎಂದು ಎಲ್ಲರೂ ಸುತ್ತ ನೋಡಿದರು. ನಾನೂ ನೋಡಿದೆ.

ಬಾಯಿ ಬಿಟ್ಟರೆ ಹೆಂಡತಿಯೆದುರು ಮಾನ ಹೋಗುತ್ತದೆ, ಬಿಡದಿದ್ದರೆ ಬಂಡೆ ಹೋಗುತ್ತದೆ. ಪಕ್ಕಕ್ಕೆ ನೋಡಿದೆ, ದಾಮೋದರ ಛಾವಣಿಯ ಫ್ಯಾನು ಎಣಿಸುತ್ತಿದ್ದ. ಬಂಡೆಯ ಗುಳಿಯಲ್ಲಿ ಬೇರೆ ಯಾರೂ ಅಲ್ಲ, ಬರೀ ಏಡಿ ಕೂತಿರುವುದು ಕಣ್ಣಿಗೆ ಕಟ್ಟಿತು. ಹೊಟ್ಟೆ ಉರಿದು ಎದ್ದು ನಿಂತೆ.

"ಮೇಡಂ, ಆ ಎರಡು ಸಾವಿರ ನಂದು. ಅದರಲ್ಲಿ ಮೂರು ಸೊನ್ನೆ ಸರಿಯಾಗಿವೆ. ಅವುಗಳ ಮುಂದಿರೋ ಎರಡು ಅನ್ನೋ ಅಂಕಿ ಮಾತ್ರ ತಪ್ಪು."

"ಅಂದ್ರೆ?"

"ಅಂದ್ರೆ ಆರು ವರ್ಷದಲ್ಲಿ ಒಂದೂ ಸಿಕ್ಕಿಲ್ಲ."

ಆಮೇಲೆ ದಾಮೋದರ ನಿಧಾನ ಎದ್ದು, "ನಂದೂ ಹಂಗೇ" ಅಂದ. ಅವನ ಹಿಂದೆ ಮತ್ತೊಬ್ಬ, ಮತ್ತೊಬ್ಬ. ಶಾಲೆಯಲ್ಲಿ ಹಾಜರಿ ಕರೆದ ಹಾಗೆ ಎಲ್ಲರೂ ಎದ್ದು ನಿಂತರು. ಅಧಿಕಾರಿ ನಂಬಲಿಲ್ಲ. ಆಗ ಸುಲೋಚನಾ ಬಾಯಿ ಸೆರಗು ಸಿಕ್ಕಿಸಿಕೊಂಡು ಎದ್ದಳು. "ಖರೆ ಹೇಳ್ತಾರೆ ಮೇಡಂ. ಇವರೆಲ್ಲಾ ನನ್ನ ಗಿರಾಕಿಗಳು. ಬಂಡೆ ಮುಚ್ಚಿದ್ರೆ ಇವರು ಮನೇಲಿ ಕೂರ್ತಾರೆ. ನನ್ನ ರವಿವಾರದ ಬುಟ್ಟಿ ತಕಂಬವರು ಯಾರು?"

ಕೊನೆಗೆ ಒಪ್ಪಂದವಾಯಿತು. ಬಂಡೆಯ ಸುತ್ತ ಬಲೆ ಹಾಕುವಂತಿಲ್ಲ. ಗಾಳದವರು ಕೂರಬಹುದು, ಆದರೆ ಸಿಕ್ಕ ಮೀನನ್ನು ಜೀವಂತ ನೀರಿಗೆ ಬಿಡಬೇಕು. ನಾವೆಲ್ಲ ನಾಮುಂದು ತಾಮುಂದು ಎಂದು ಸಹಿ ಹಾಕಿದೆವು. ಅಧಿಕಾರಿಗೆ ನಮ್ಮ ತ್ಯಾಗ ಕಂಡು ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಸುಜಾತಾಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಮನೆಗೆ ಬಂದೆ. ಅಂಗಳದಲ್ಲಿ ಇಳಿದ ಮೇಲೆ ನಾನೇ, "ತಪ್ಪಾಯ್ತು" ಅಂದೆ.

"ತಪ್ಪಾಯ್ತು ಅಂದ್ರೆ ಮುಗೀತಾ?" ಅಂದಳು. "ಶನಿವಾರ ಸುಲೋಚನಾಗೆ ಫೋನು ಮಾಡಿ, ನಾಳೆ ಇವರಿಗೆ ಇಂಥ ಮೀನು ಕೊಡು ಅಂತ ಹೇಳುದು ಯಾರು ಅಂತ ಮಾಡಿದ್ರಿ?"

ನಾನು ಮೆಟ್ಟಿಲ ಮೇಲೆ ಕೂತೆ. "ಮೊದಲಿಂದ ಗೊತ್ತಿತ್ತಾ?"

"ಬಂಗುಡೆ ಕಿವಿರಲ್ಲಿ ಐಸ್ ಚೂರು ಇರ್ತಿತ್ತು. ಸಮುದ್ರದಲ್ಲಿ ಐಸ್ ಉಂಟಾ?"

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಹಸನು ಮಾಡುದು ಯಾರು?" ಸ್ವಲ್ಪ ಯೋಚಿಸಿ ತನ್ನ ಕಟ್ಟಳೆಗೆ ತಿದ್ದುಪಡಿ ತಂದಳು. "ಇನ್ನು ಮೇಲೆ ಹಿಡಿದವರಲ್ಲ, ತಂದವರು ಹಸನು ಮಾಡುದು."

ಇಷ್ಟಕ್ಕೇ ಮುಗಿದಿದ್ದರೆ ಒಳ್ಳೆಯದಿತ್ತು. ಕಳೆದ ರವಿವಾರ ಬಂಡೆಯ ಮೇಲೆ ನಾನೊಬ್ಬನೇ. ದಾಮೋದರ ಬಂದಿರಲಿಲ್ಲ, ಫೋನು ಸ್ಕೂಟರಿನಲ್ಲೇ ಇತ್ತು. ಇದ್ದಕ್ಕಿದ್ದಂತೆ ದಾರ ಜಗ್ಗಿತು. ಕೋಲು ಬಾಗಿತು. ಬಂಡೆಗೆ ಸಿಕ್ಕಿಕೊಂಡಿತು ಅಂದುಕೊಂಡೆ, ಆದರೆ ಬಂಡೆ ಅತ್ತಿತ್ತ ಓಡುವುದಿಲ್ಲ. ಅರ್ಧ ತಾಸು ಗುದ್ದಾಡಿ ಎಳೆದರೆ ನನ್ನ ತೋಳುದ್ದದ ಚೊಣಕ. ಆರು ವರ್ಷದಲ್ಲಿ ಮೊದಲನೆಯದು. ಅದು ಬಾಯಿ ತೆರೆದು ನನ್ನನ್ನು ನೋಡಿತು, ನಾನೂ ಬಾಯಿ ತೆರೆದು ಅದನ್ನು ನೋಡಿದೆ. ಸುತ್ತ ಒಂದು ನರಪಿಳ್ಳೆಯಿಲ್ಲ. ಅಧಿಕಾರಿಯೂ ಇಲ್ಲ. ಆದರೂ ಬಿಟ್ಟೆ. ತುಂಬಿದ ಸಭೆಯಲ್ಲಿ ಸಹಿ ಹಾಕಿದ್ದೆ ಅನ್ನಿ. ಅದಕ್ಕಿಂತ ಹೆಚ್ಚಾಗಿ, ಇಷ್ಟು ವರ್ಷ ನನ್ನದೇ ಸೀಗಡಿ ತಿಂದು ಬೆಳೆದ ಮೀನು ಎಂಬ ಮಮತೆಯೂ ಇತ್ತು. ನಿಜ ಹೇಳುತ್ತೇನೆ, ಅದು ನೀರಿಗಿಳಿದು ಮರೆಯಾದಾಗ ಅಳು ಬಂತು.

ಸುಲೋಚನಾ ಬಾಯಿ ಎತ್ತಿಟ್ಟಿದ್ದನ್ನು ಚೀಲಕ್ಕೆ ಹಾಕಿಕೊಂಡು ಗಾಡಿ ಓಡಿಸಿದೆ. ಅಡುಗೆಮನೆಯ ಬಾಗಿಲಲ್ಲೇ ನಿಂತು, ಏದುಸಿರು ಬಿಡುತ್ತ, ಎರಡೂ ಕೈ ಅಗಲಿಸಿ ತೋರಿಸಿದೆ. "ಸುಜಾತಾ, ಇವತ್ತು ನಾನೇ ಹಿಡಿದೆ. ಇಷ್ಟುದ್ದದ ಚೊಣಕ. ಹಿಡಿದು ಬಿಟ್ಟೆ. ದೇವರಾಣೆ."

ಅವಳು ಕಾಯಿ ತುರಿಯುವುದನ್ನು ನಿಲ್ಲಿಸಿ, ಹುಬ್ಬು ಗಂಟಿಕ್ಕಿ ನನ್ನನ್ನು ನೋಡಿದಳು.

"ಚೊಣಕಾ? ನಾ ಬಂಗುಡೆ ಅಲ್ದಾ ಹೇಳಿದ್ದು?"

ನಾನು ಚೀಲದಿಂದ ಬಂಗುಡೆ ತೆಗೆದು, ಈಳಿಗೆ ಎಳೆದುಕೊಂಡು ಹಸನು ಮಾಡಲು ಕೂತೆ.