ಹನ್ನೆರಡು ಮುದ್ದೆ, ಹದಿನಾಲ್ಕು ಅತಿಥಿಗಳು

ನನ್ನ ಗಂಡ ಸಾಯುವುದಕ್ಕೆ ಹಿಂದಿನ ದಿನ ನಾನೊಂದು ಭಾರಿ ಶಪಥ ಮಾಡಿದ್ದೆ. ಈ ಮನುಷ್ಯನನ್ನು ಇವತ್ತು ನೆಲದ ಮೇಲೆ ಕೂರಿಸಿ, ಬಿಸಿ ಬಿಸಿಯಾಗಿ, ಬೆಲ್ಟು ಸಡಿಲ ಮಾಡುವಷ್ಟು ಉಣ್ಣಿಸದಿದ್ದರೆ ನನ್ನ ಹೆಸರು ಅಫ್ರಾ ಅಲ್ಲ!

ಸಾವಿನ ಮಾತಿನಿಂದ ಶುರು ಮಾಡಿದಳಲ್ಲ ಎಂದು ಮುಖ ಸಿಂಡರಿಸಬೇಡಿ. ಇದು ನಗುವ ಕತೆ. ಆ ದಿನ ಅವರು ನಕ್ಕಷ್ಟು ಮದುವೆಯ ದಿನವೂ ನಕ್ಕಿರಲಿಲ್ಲ.

ನನ್ನ ಗಂಡ ಡಾನ್ಸೊ ಲಾರಿ ಡ್ರೈವರ್. ನಮ್ಮೂರು ಕೊಫೊರಿಡುವಾದಿಂದ ರಾಜಧಾನಿ ಅಕ್ರಾಕ್ಕೆ ಬಾಳೆಗೊನೆ ಸಾಗಿಸುವ ಕೆಲಸ, ಇಪ್ಪತ್ತಾರು ವರ್ಷ. ಊಟ ಮಾಡುತ್ತಿದ್ದದ್ದು ನಿಂತುಕೊಂಡೇ. ಒಂದು ಕೈ ಲಾರಿ ಬಾಗಿಲ ಮೇಲೆ, ಇನ್ನೊಂದು ಕೈ ಬಟ್ಟಲಲ್ಲಿ, ಇಂಜಿನ್ ಗುರ್ ಗುರ್! ಮನೆಗೆ ಬಂದರೂ ಅಷ್ಟೇ. ಕೂತರೆ ನಿದ್ದೆ ಬರುತ್ತದೆಂದು ಕಂಬಕ್ಕೆ ಒರಗಿ ನಾಲ್ಕು ತುತ್ತು ನುಂಗಿ ಹೊರಟುಬಿಡುವರು. ಅವರು ಹೊಟ್ಟೆ ತುಂಬ ಉಂಡದ್ದನ್ನು ನಾನು ಒಮ್ಮೆಯೂ ಕಂಡಿರಲಿಲ್ಲ. ಸಂತೆಯ ಹೆಂಗಸರು ಬಿಡುತ್ತಾರೆಯೇ? "ಅಫ್ರಾ, ನೀನು ನೋಡಿದ್ರೆ ಹಿಟ್ಟಿನ ಮೂಟೆ, ಗಂಡ ಹಂಚಿಕಡ್ಡಿ. ಅವರ ಪಾಲೂ ನೀನೇ ತಿಂತೀಯೇನೇ?" ಈ ಮಾತು ನನಗೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು.

ಅವರ ದಾರಿಯಲ್ಲಿ, ಅಬುರಿ ಗುಡ್ಡದ ಮೇಲೆ, ಗಿಡಮರಗಳ ದೊಡ್ಡ ಸರಕಾರಿ ತೋಟವಿದೆ. ದೇಶದೇಶದ ಜನ ನೋಡಲು ಬರುತ್ತಾರೆ. ವಾರಕ್ಕೆ ನಾಲ್ಕು ಸಲ ಅದರ ಗೇಟಿನ ಮುಂದೆ ಹಾದ ಮನುಷ್ಯ ಒಳಗೆ ಒಂದು ಸಲವೂ ಕಾಲಿಟ್ಟಿರಲಿಲ್ಲ.

"ಒಳಗೆ ಏನಿದೆ?" ಎಂದು ಕೇಳಿದ್ದೆ.

"ಮರ."

"ಎಂಥ ಮರ?"

"ನಿಂತಿರೋ ಮರ."

ಇಂಥವರನ್ನು ಕಟ್ಟಿಕೊಂಡು ನಾನು ಮೂವತ್ತು ವರ್ಷ ಬಾಳಿದೆ!

ಆ ಶನಿವಾರ ಲಾರಿಗೂ ರಜೆ, ಅವರಿಗೂ ರಜೆ. ಅಬುರಿಗೆ ಹೋಗುವುದು, ದೊಡ್ಡ ಮನುಷ್ಯರ ಹಾಗೆ ನೆರಳಲ್ಲಿ ಕೂತು ಉಣ್ಣುವುದು ಎಂದು ಅಪ್ಪಣೆ ಹೊರಡಿಸಿದೆ. ಕೋಳಿ ಕೂಗುವ ಮೊದಲೇ ಎದ್ದು, ಕೂಗಬೇಕಾಗಿದ್ದ ಕೋಳಿಯನ್ನೇ ಕೊಯ್ದೆ. ಕಡಲೆಕಾಯಿ ಅರೆದು ಸಾರು ಮಾಡಿದೆ. ಎಣ್ಣೆ ಮೇಲೆ ತೇಲಿ ಕೆಂಪಗೆ ನಗುತ್ತಿತ್ತು! ಅನ್ನವನ್ನು ಮೆತ್ತಗೆ ಬೇಯಿಸಿ, ಮಸೆದು, ಹನ್ನೆರಡು ಮುದ್ದೆ ಕಟ್ಟಿದೆ. ಎರಡು ನನಗೆ, ಹತ್ತು ಅವರಿಗೆ. ಕೋಳಿಯ ಹೊಟ್ಟೆಯಲ್ಲಿ ಕಾಳು ಅರೆಯುವ ಗಟ್ಟಿ ತುಂಡು ಇರುತ್ತದಲ್ಲ, ನಮ್ಮಲ್ಲಿ ಅದು ಮನೆಯ ಯಜಮಾನನದು. ಬೇರೆ ಯಾರೂ ಮುಟ್ಟುವ ಹಾಗಿಲ್ಲ. ಅದನ್ನು ಎಲ್ಲಕ್ಕಿಂತ ಮೇಲೆ ಕಾಣುವಂತೆ ಇಟ್ಟು, ಪಾತ್ರೆಯನ್ನು ಮೂರು ಬಟ್ಟೆಯಲ್ಲಿ ಸುತ್ತಿದೆ.

ಟ್ರೋಟ್ರೋ ವ್ಯಾನಿನಲ್ಲಿ ಹೊರಟೆವು. ಹದಿನೈದು ಜನ ಕೂರುವ ಕಡೆ ಇಪ್ಪತ್ತು ಜನ, ನನ್ನ ತೊಡೆಯ ಮೇಲೆ ಬಿಸಿ ಪಾತ್ರೆ. ಡ್ರೈವರನನ್ನು ಪ್ರಯಾಣಿಕನ ಸೀಟಿನಲ್ಲಿ ಕೂರಿಸಬಾರದು ಎಂದು ಅವತ್ತು ತಿಳಿಯಿತು. ಗುಡ್ಡದ ಪ್ರತಿ ತಿರುವಿನಲ್ಲೂ ನನ್ನ ಗಂಡ ಕಾಲು ಒತ್ತುತ್ತಿದ್ದರು.

"ಸೆರ್ವಾಳ ಅಪ್ಪ, ಅದು ನನ್ನ ಹೆಬ್ಬೆರಳು!" ಎಂದು ಕಿರುಚಿದೆ. ಸೆರ್ವಾ ನಮ್ಮ ಮಗಳು, ಮದುವೆಯಾಗಿ ದೂರದ ಟಮಾಲೆ ಸೇರಿದ್ದಾಳೆ.

"ಅವನು ತಿರುವಿನಲ್ಲಿ ಬ್ರೇಕ್ ಹಾಕ್ಲಿಲ್ಲ ಕಣೆ. ಯಾರಾದ್ರೂ ಒಬ್ರು ಹಾಕ್ಬೇಕಲ್ಲ?"

ತೋಟಕ್ಕೆ ಬಂದೆವು. ಆಕಾಶಕ್ಕೆ ಕಂಬ ನೆಟ್ಟ ಹಾಗೆ ಎರಡು ಸಾಲು ತಾಳೆಮರ. ಗುಡಿಸಲು ಕಟ್ಟಬಹುದಾದಷ್ಟು ದಪ್ಪ ಬೇರಿನ ಬೂರುಗ. ತಂಪು ಗಾಳಿ. ಜನ ತಲೆ ಎತ್ತಿ ಬಾಯಿ ಬಿಟ್ಟು ನೋಡುತ್ತಿದ್ದರು. ನನ್ನ ಗಂಡ ಎಲ್ಲಿ? ಅಲ್ಲೊಂದು ತುಕ್ಕು ಹಿಡಿದ ಹಳೆಯ ಹೆಲಿಕಾಪ್ಟರ್ ಬಿದ್ದಿದೆ. ಅದರ ಹೊಟ್ಟೆಯ ಕೆಳಗಿನಿಂದ ಎರಡು ಕಾಲು ಕಾಣಿಸಿದವು. ಪರಿಚಯದ ಕಾಲುಗಳು!

"ರೀ! ಮರ ನೋಡೋಕೆ ಬಂದಿದ್ದು!"

"ಇದಕ್ಕೆ ಏನಾಗಿದೆ ಗೊತ್ತಾ? ಬೇರಿಂಗ್ ಹೋಗಿದೆ."

"ಬಾಗಿಲಿಲ್ಲ, ಗಾಜಿಲ್ಲ, ಒಳಗೆ ಹುಲ್ಲು ಬೆಳೆದಿದೆ. ಇವರಿಗೆ ಬೇರಿಂಗ್ ಚಿಂತೆ! ಏಳಿ, ಸಾರು ಆರುತ್ತೆ!"

"ನಿನ್ನ ಸಾರು ಎಲ್ಲಿಗೂ ಓಡಿ ಹೋಗಲ್ಲ."

ಹೌದು. ಓಡಿ ಹೋಗಲಿಲ್ಲ. ಹೇಗೆ ಹೋಯಿತು ಎಂದು ಹೇಳುತ್ತೇನೆ.

ಕೈ ಹಿಡಿದು ಎಳೆದು ತಂದು ಬೂರುಗದ ನೆರಳಲ್ಲಿ ಕೂರಿಸಿದೆ. ಬಟ್ಟೆ ಹಾಸಿದೆ, ಕೈಗೆ ನೀರು ಹಾಕಿದೆ, ದೊಡ್ಡ ಬಟ್ಟಲಿಗೆ ಸಾರು ಬಡಿಸಿ ಮುದ್ದೆ ಇಳಿಸಿದೆ. ಹಬೆ ಎದ್ದಿತು. ಅವರು ಮೊದಲ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಬಾಯಿಗೆ ಇಟ್ಟು ಕಣ್ಣು ಮುಚ್ಚಿದರು.

"ಸೆರ್ವಾಳ ಅಮ್ಮ."

"ಏನು?"

"ಏನಿಲ್ಲ. ಬಿಸಿ ಇದೆ."

ಅವರ ಬಾಯಿಂದ ಇದು ಚಿನ್ನದ ಪದಕ! ನನ್ನ ಕುತ್ತಿಗೆ ಉದ್ದವಾಯಿತು.

ಈಗ ನಮ್ಮ ರೀತಿ ಹೇಳಬೇಕು. ಉಣ್ಣುವಾಗ ಎದುರಿಗೆ ಯಾರು ಹಾದರೂ ಕರೆಯಲೇಬೇಕು. ಕರೆಸಿಕೊಂಡವರು ಒಂದು ಒಳ್ಳೆಯ ಮಾತಾಡಿ ಮುಂದೆ ಹೋಗಲೇಬೇಕು. ಕರೆಯದವನು ಜಿಪುಣ, ಕೂತವನು ಹೊಟ್ಟೆಬಾಕ. ಹೀಗಾಗಿ ನಮ್ಮಲ್ಲಿ ಎಲ್ಲರೂ ಎಲ್ಲರನ್ನೂ ಕರೆಯುತ್ತಾರೆ, ಅವರವರ ಊಟ ಅವರವರಿಗೆ ಉಳಿಯುತ್ತದೆ!

ಮೊದಲು ಒಂದು ಸಂಸಾರ ಹಾದುಹೋಯಿತು. "ಬನ್ನಿ, ಊಟ ಮಾಡೋಣ!" ಎಂದೆ. "ನಮ್ಮ ಕೈ ಅದರಲ್ಲೇ ಇದೆ ಅಂದ್ಕೊಳ್ಳಿ ಅಕ್ಕ!" ಎಂದು ಆ ಹೆಂಗಸು ನಕ್ಕು ನಡೆದಳು. ಆಮೇಲೆ ಒಬ್ಬ ಪಾದ್ರಿ. ಅವರೂ ಆಶೀರ್ವದಿಸಿ ಹೋದರು. ಆಮೇಲೆ ನಾಲ್ವರು ಬಿಳಿಯರು ಬಂದರು. ಮುಂದೆ ಕಳಿತ ಟೊಮೆಟೊ ಬಣ್ಣದ ಮುಖದ ಒಬ್ಬ ಆಸಾಮಿ, ಅವನ ಹೆಂಡತಿ, ಇಬ್ಬರು ಹುಡುಗಿಯರು.

ನನ್ನ ಗಂಡ ಮೊಣಕೈಯಿಂದ ತಿವಿದರು. "ಸುಮ್ನಿರು. ಇವರಿಗೆ ಗೊತ್ತಾಗಲ್ಲ."

"ಯಾರಿಗೆ ಗೊತ್ತಾಗದಿದ್ರೆ ಏನಂತೆ? ನಮ್ಮಮ್ಮ ನನಗೆ ಮರ್ಯಾದೆ ಕಲಿಸಿದ್ದಾಳೆ! ಬಣ್ಣ ನೋಡಿ ಕರೆಯೋಳಲ್ಲ ಈ ಅಫ್ರಾ!"

ಎರಡೂ ಕೈ ಚಾಚಿ, ನನಗೆ ಗೊತ್ತಿದ್ದ ಎರಡೇ ಇಂಗ್ಲಿಷ್ ಮಾತಿನಲ್ಲಿ ಜೋರಾಗಿ ಕರೆದೆ: "ಕಮ್! ಈಟ್!"

ಅವರು ನಿಂತರು. ಒಬ್ಬರ ಮುಖ ಒಬ್ಬರು ನೋಡಿದರು. ಟೊಮೆಟೊ ಮುಖದವನು ಎದೆಯ ಮೇಲೆ ಕೈ ಇಟ್ಟುಕೊಂಡ. ಕಣ್ಣಲ್ಲಿ ನೀರು ಬಂದ ಹಾಗಿತ್ತು. ಮತ್ತೆ...

ಕೂತುಬಿಟ್ಟರು!

ನಾಲ್ವರೂ! ಚಕ್ಕಳ ಮಕ್ಕಳ ಹಾಕಿಕೊಂಡು!

ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಕರೆದ ಮೇಲೆ ಏಳಿ ಎನ್ನುವ ಮಾತು ನಮ್ಮ ಭಾಷೆಯಲ್ಲಿ ಇನ್ನೂ ಹುಟ್ಟಿಲ್ಲ. ನಗುತ್ತಾ ಕೈಗೆ ನೀರು ಹಾಕಿದೆ.

"ಮರ್ಯಾದೆ ಕಲಿಸಿದ್ದಳಾ ನಿಮ್ಮಮ್ಮ?" ನನ್ನ ಗಂಡ ಅತಿಥಿಗಳತ್ತ ಹಲ್ಲು ಬಿಡುತ್ತಲೇ ನಮ್ಮ ಭಾಷೆಯಲ್ಲಿ ಕೇಳಿದರು.

"ನೀವು ಬೇಗ ಬೇಗ ತಿನ್ನಿ!"

"ನಗ್ತಾ ಇರು, ನಗ್ತಾ ಇರು. ನೋಡ್ತಿದ್ದಾರೆ."

"ನಗ್ತಾನೇ ಇದ್ದೀನಿ! ದವಡೆ ನೋಯ್ತಿದೆ!"

ಅಷ್ಟರಲ್ಲಿ ಕಿರಿಯ ಹುಡುಗಿ ಬಟ್ಟಲಿಗೆ ಕೈ ಹಾಕಿದಳು. ಯಾವ ಕೈ? ಎಡಗೈ!

ಎಡಗೈ ಬಿದ್ದ ಬಟ್ಟಲಿಗೆ ನಮ್ಮವರು ಮತ್ತೆ ಕೈ ಹಾಕುವುದುಂಟೇ? ನನ್ನ ಗಂಡ ಮೆಲ್ಲಗೆ ಬಲಗೈ ಹಿಂದಕ್ಕೆ ತೆಗೆದು ಪ್ಯಾಂಟಿಗೆ ಒರೆಸಿಕೊಂಡರು. ಒಂದು ಮುದ್ದೆ. ಬರೀ ಒಂದೇ ಮುದ್ದೆ ಹೊಟ್ಟೆಗೆ ಹೋಗಿತ್ತು!

"ಹೇಳಿಬಿಡ್ಲಾ ಅವಳಿಗೆ?"

"ಹಸಿದು ಬಂದಿರೋ ಕೂಸು. ಉಣ್ಣೋವಾಗ ಅವಮಾನ ಮಾಡ್ತೀಯಾ? ತಿನ್ಲಿ ಬಿಡು."

"ನಿಮ್ಮ ಹೊಟ್ಟೆ?"

"ಇಪ್ಪತ್ತಾರು ವರ್ಷ ಕಾದಿದೆ. ಅಭ್ಯಾಸ ಆಗಿದೆ."

ಆಗ ಟೊಮೆಟೊ ಮುಖದವನ ಬೆರಳು ಯಜಮಾನನ ತುಂಡಿನ ಮೇಲೆ ಬಂತು. ಅವನು ಅದನ್ನು ಎತ್ತಿ, ಇದೇನು ಎಂಬಂತೆ ನನ್ನ ಗಂಡನ ಮುಖ ನೋಡಿದ. ಬೇಡ ಅನ್ನಿ, ಬೇಡ ಅನ್ನಿ ಎಂದು ನಾನು ಮನಸ್ಸಿನಲ್ಲೇ ಬಡಿದುಕೊಂಡೆ. ನನ್ನ ಗಂಡ ರಾಜ್ಯವನ್ನೇ ದಾನ ಮಾಡುವ ಅರಸನ ಹಾಗೆ ತಲೆ ಆಡಿಸಿದರು. ಗುಳುಂ!

ಇಲ್ಲಿಗೆ ಮುಗಿಯಿತೆಂದುಕೊಂಡಿರಾ? ಆ ಟೊಮೆಟೊ ಮುಖದವನು ಬಹಳ ಚುರುಕು. ನಮ್ಮ ರೀತಿಯನ್ನು ಒಂದೇ ಊಟದಲ್ಲಿ ಕಲಿತುಬಿಟ್ಟ! ಬಾಯಲ್ಲಿ ನನ್ನ ಮುದ್ದೆ ಇಟ್ಟುಕೊಂಡು, ದಾರಿಯಲ್ಲಿ ಹೋಗುವವರಿಗೆಲ್ಲ ಕೈ ಬೀಸಿ ಕೂಗತೊಡಗಿದ: "ಕಮ್! ಈಟ್!" ನಮ್ಮವರೆಲ್ಲ ಕೈ ಮುಗಿದು ಮುಂದೆ ಹೋದರು. ಆದರೆ ಅವನು ಬಂದ ಬಸ್ಸಿನಲ್ಲಿ ಇನ್ನೂ ಹತ್ತು ಜನರಿದ್ದರು!

ಹತ್ತೂ ಜನ ಕೂತರು.

ನಾನು ಬಡಿಸಿದೆ. ಬಡಿಸದೆ ಏನು ಮಾಡಲಿ? ಪಾತ್ರೆಯ ತಳ ಕಂಡಿತು. ಒಬ್ಬ ಮುದುಕಿ ಆ ತಳವನ್ನೂ ಬೆರಳಿನಿಂದ ಬಳಿದು ನೆಕ್ಕಿ, ನನ್ನನ್ನು ಅಪ್ಪಿಕೊಂಡಳು. ನಮ್ಮಿಬ್ಬರನ್ನು ಖಾಲಿ ಪಾತ್ರೆಯ ಜೊತೆ ನಿಲ್ಲಿಸಿ ಫೋಟೊ ತೆಗೆದರು. ಕೈ ಬೀಸುತ್ತಾ ಬಸ್ಸು ಹತ್ತಿದರು.

ಬಸ್ಸು ಮರೆಯಾಗುವವರೆಗೆ ನಾವು ನಗುಮುಖದಲ್ಲೇ ನಿಂತಿದ್ದೆವು. ಆಮೇಲೆ ನಾನು ಶುರು ಮಾಡಿದೆ. "ಮಾನ ಮರ್ಯಾದೆ ಇಲ್ಲದ ಜನ! ಕರೆದ್ರೆ ಕೂತೇಬಿಡೋದಾ? ಇವರ ಊರಲ್ಲಿ ಅಮ್ಮಂದಿರಿಲ್ವಾ? ಹನ್ನೆರಡು ಮುದ್ದೆ! ನನ್ನ ಹುಂಜ!"

ತಿರುಗಿ ನೋಡಿದರೆ ನನ್ನ ಗಂಡ ಬೂರುಗದ ಬೇರಿನ ಮೇಲೆ ಬಿದ್ದು ನಗುತ್ತಿದ್ದಾರೆ. ಸದ್ದೇ ಇಲ್ಲದ ನಗು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಸಿಕೊಂಡು.

"ಅವನು... ಆ ತುಂಡು ಬಾಯಿಗೆ ಹಾಕ್ಕೊಂಡಾಗ... ನಿನ್ನ ಮುಖ ನೋಡ್ಬೇಕಿತ್ತು, ಸೆರ್ವಾಳ ಅಮ್ಮ! ಅದರ ಮುಂದೆ ಈ ತೋಟ ಯಾವ ಲೆಕ್ಕ!"

ಸಂಜೆ ವ್ಯಾನು ನಿಲ್ಲುವ ಜಾಗದಲ್ಲಿ ಸುಟ್ಟ ಬಾಳೆಕಾಯಿ, ಹುರಿದ ಕಡಲೆಕಾಯಿ ಕೊಂಡೆವು. ಅವರು ತಿಂದರು. ನಿಂತುಕೊಂಡೇ! ಒಂದು ಕೈ ವ್ಯಾನಿನ ಬಾಗಿಲ ಮೇಲೆ. ನನ್ನ ಶಪಥ ಮಣ್ಣು ಮುಕ್ಕಿತು.

"ಮೋರೆ ಯಾಕೆ ಊದಿಸ್ಕೊಂಡಿದ್ದೀಯ?" ಎಂದರು. "ನಾಳೆ ಭಾನುವಾರ. ಮತ್ತೆ ಮುದ್ದೆ ಕಟ್ಟು. ಬಾಗಿಲು ಹಾಕಿಕೊಂಡು ಕೂತು ತಿಂತೀನಿ. ಹತ್ತೂ ತಿಂತೀನಿ."

"ಕೂತು?"

"ಕೂತು. ಆಣೆ."

ಮರುದಿನ ಬೆಳಿಗ್ಗೆ ಲಾರಿ ತೊಳೆಯಲು ಹೋದರು. ನಾನು ಅಕ್ಕಿ ಇಟ್ಟಿದ್ದೆ. ಪಕ್ಕದ ಮನೆಯವನು ಓಡಿ ಬಂದ. ಹೋಗಿ ನೋಡಿದೆ. ಮುಂದಿನ ಚಕ್ರಕ್ಕೆ ಒರಗಿಕೊಂಡಿದ್ದರು, ಕೈಯಲ್ಲಿ ಒದ್ದೆ ಬಟ್ಟೆ. ಕರೆದೆ. ಏಳಲಿಲ್ಲ. ಎದೆಬಡಿತ ನಿಂತುಹೋಗಿದೆ ಎಂದರು ಡಾಕ್ಟರು.

ಕೂತಿದ್ದರು, ನೋಡಿ. ಮಾತು ಅರ್ಧ ಉಳಿಸಿಕೊಂಡರು.

ಮಣ್ಣಿಗೆ ಮುನ್ನೂರು ಜನ ಬಂದರು. ಕೆಂಪು ಬಟ್ಟೆ, ಕಪ್ಪು ಬಟ್ಟೆ, ಡೋಲು. ಎಲ್ಲರೂ ಕೂತು ಉಂಡರು, ಎಲ್ಲರೂ ಎದ್ದು ಹೋದರು. ಸೆರ್ವಾ ಎರಡು ತಿಂಗಳಿದ್ದು ಟಮಾಲೆಗೆ ಹೋದಳು.

ಈಗ ದಿನಾ ಬೆಳಿಗ್ಗೆ ಅಂಗಳ ಗುಡಿಸಿ, ಇದ್ದಿಲ ಒಲೆ ಹೊತ್ತಿಸಿ, ಸಜ್ಜೆ ಗಂಜಿ ಕಾಯಿಸುತ್ತೇನೆ. ಒಬ್ಬರ ಅಳತೆ ನನ್ನ ಕೈಗೆ ಇನ್ನೂ ಬಂದಿಲ್ಲ. ಎರಡು ಬಟ್ಟಲಾಗುತ್ತದೆ. ಎರಡನ್ನೂ ತಂದು ಬಾಗಿಲಲ್ಲಿ ಇಟ್ಟುಕೊಂಡು, ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆಯುತ್ತೇನೆ. ಸಂತೆಗೆ ಹೋಗುವವರು, ಇಗರ್ಜಿಗೆ ಹೋಗುವವರು, ನನ್ನನ್ನು ಹಿಟ್ಟಿನ ಮೂಟೆ ಎಂದವರು, ಯಾರನ್ನೂ ಬಿಡುವುದಿಲ್ಲ. ಆ ಟೊಮೆಟೊ ಮುಖದವನು ಬಂದರೂ ಸರಿ, ಎಡಗೈಯಲ್ಲೇ ಕುಡಿಯಲಿ, ಬಸ್ಸನ್ನೂ ಕರೆತರಲಿ!

"ಬನ್ನಿ, ಗಂಜಿ ಕುಡಿಯೋಣ!"

"ನಮ್ಮ ಕೈ ಅದರಲ್ಲೇ ಇದೆ, ಅಫ್ರಾ ಅಕ್ಕ!"

ನಮ್ಮ ಬೀದಿಯವರು ಬಹಳ ಮರ್ಯಾದಸ್ಥರು. ಒಬ್ಬರೂ ಕೂರುವುದಿಲ್ಲ.