ಊಟ ಒಗ್ಗದ ಊಟದ ಮೇಜು

"ಪರೀಕ್ಷೆ ಪಾಸಾಗದ ಒಂದೇ ಒಂದು ಕಲ್ಲೂ ಈ ಮನೆಯೊಳಗೆ ಕಾಲಿಡುವ ಹಾಗಿಲ್ಲ!"

ಯಜಮಾನರು ಹೀಗೆಂದು ಘೋಷಿಸಿದಾಗ ಅವರ ಬಲಗೈ ಆಕಾಶದ ಕಡೆಗಿತ್ತು, ಎಡಗೈಯಲ್ಲಿ ಅರ್ಧ ಹೋಳು ನಿಂಬೆಹಣ್ಣಿತ್ತು. ಕಲ್ಲಿಗೆ ಕಾಲಿರುವುದಿಲ್ಲ ಎಂದು ನೆನಪಿಸುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಯಜಮಾನರು ಕುಕ್ಕರಿನ ರಬ್ಬರ್ ವಾಷರ್ ತಯಾರಿಸುವ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಕರು. ವಾಷರನ್ನು ಎಳೆದು, ಹಿಂಡಿ, ಕುದಿಸಿ, ಕೊನೆಗೊಮ್ಮೆ ಮೂಸಿ ನೋಡಿ 'ಪಾಸು' ಅನ್ನುವುದು ಅವರ ಉದ್ಯೋಗ. 'ಫೇಲು' ಅನ್ನುವುದು ಅವರ ಸಂತೋಷ. ಆ ಸಂತೋಷವನ್ನು ಅವರು ಕಾರ್ಖಾನೆಯಲ್ಲೇ ಬಿಟ್ಟು ಬರುವವರಲ್ಲ. ಹೆಂಡತಿಯ ಅಡುಗೆಗೆ ಮದುವೆಯಾದ ಲಾಗಾಯ್ತು ಸಿಕ್ಕಿದ ಅತ್ಯುನ್ನತ ಪ್ರಶಸ್ತಿ 'ಪರವಾಗಿಲ್ಲ'.

ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಈಚೆಗಷ್ಟೇ ಬಡ್ತಿ ಸಿಕ್ಕಿ ವಾರ್ಡಿನ ಮುಖ್ಯಸ್ಥೆಯಾಗಿದ್ದಳು. ಆ ಮನೆಯ ಊಟದ ಪದ್ಧತಿ ಹೇಗಿತ್ತೆಂದರೆ, ಯಜಮಾನರು ಟೀವಿಯ ಮುಂದೆ, ಅತ್ತೆಯವರು, ಅಂದರೆ ಹೆಂಡತಿಯ ತಾಯಿ, ಮಂಚದ ತುದಿಯಲ್ಲಿ, ಹೆಂಡತಿ ಒಲೆಯ ಪಕ್ಕದಲ್ಲಿ ನಿಂತುಕೊಂಡು. ಮೂವರ ನಡುವೆ ಎರಡು ಗೋಡೆ. ಬಡ್ತಿ ಬಂದ ಖುಷಿಯಲ್ಲಿ ಅವಳು ಕೇಳಿದ್ದು ಒಂದೇ ಒಂದು.

"ತಿಂಗಳ ಕೊನೆ ಭಾನುವಾರ ನಮ್ಮ ವಾರ್ಡಿನವರನ್ನ ಊಟಕ್ಕೆ ಕರೀಬೇಕು. ಇಷ್ಟು ವರ್ಷ ಎಲ್ಲರ ಮನೆ ಮೇಜಲ್ಲೂ ಉಂಡು ಬಂದಿದೀನಿ. ಒಂದು ಸಲ ನನ್ನ ಮೇಜಲ್ಲಿ ಅವರ ಜೊತೆ ನಾನೂ ಕೂತು ಉಣ್ಣಬೇಕು. ಎದ್ದೂ ಎದ್ದೂ ಬಡಿಸೋದಲ್ಲ. ಕೂತು."

ಬಡಗಿ ಬಂದು ಮರದ ಚೌಕಟ್ಟು ನಿಲ್ಲಿಸಿ ಹೋದ. ಇನ್ನು ಅದರ ನೆತ್ತಿಗೊಂದು ಕಲ್ಲು ಕೂರಬೇಕು, ಅಷ್ಟೇ.

"ಕಪ್ಪು ಗ್ರಾನೈಟ್ ಹಾಕಿಸಿಬಿಡಿ" ಅಂದಳು ಹೆಂಡತಿ. "ನಮ್ಮ ವಾರ್ಡಿನ ಕಟ್ಟೆ ಅದೇ. ರಕ್ತ, ಅಯೋಡಿನ್, ಔಷಧಿ, ಏನು ಚೆಲ್ಲಿದ್ರೂ ಒಂದು ಸಲ ಒರೆಸಿದ್ರೆ ಮುಗೀತು."

"ಊಟದ ಮೇಜಿನ ವಿಷಯದಲ್ಲಿ ರಕ್ತ ಯಾಕೆ ಬರುತ್ತೆ? ಇಂಜೆಕ್ಷನ್ ಚುಚ್ಚೋದು ನಿನ್ನ ಕೆಲಸ. ಕಲ್ಲು ಆರಿಸೋದು ಪರೀಕ್ಷಕರ ಕೆಲಸ. ನನಗೆ ಬಿಡು!"

ಬಿಟ್ಟಳು.

ಅಲ್ಲಿಂದ ಮುಂದೆ ಯಜಮಾನರು ಜೇಬಿನಲ್ಲಿ ನಿಂಬೆಹಣ್ಣಿಟ್ಟುಕೊಂಡು ಊರಿನ ಕಲ್ಲಿನಂಗಡಿಗಳ ಮೇಲೆ ದಂಡೆತ್ತಿ ಹೋದರು. ಹೊಳೆಯುವ ಕಲ್ಲು ಕಂಡರೆ ಸಾಕು, ಸುತ್ತಮುತ್ತ ನೋಡಿ ಪಿಚಕ್ಕನೆ ಹಿಂಡುವುದು, ಬಗ್ಗಿ ಕಣ್ಣು ಕಿರಿದು ಮಾಡಿ ಕಾಯುವುದು. ಮೂರನೆಯ ಅಂಗಡಿಯ ಮಾಲೀಕ ಕೈ ಹಿಡಿದೇ ಬಿಟ್ಟ.

"ಸ್ವಾಮಿ, ಕಲ್ಲು ಕೊಳ್ಳೋಕೆ ಬಂದಿದೀರೋ, ಶರಬತ್ತು ಮಾಡೋಕೆ ಬಂದಿದೀರೋ?"

"ಹುಳಿ ತಗುಲಿದರೆ ಹೊಳಪು ಹೋಗುತ್ತಾ ಅಂತ ನೋಡ್ತಿದೀನಿ. ಇದು ವೈಜ್ಞಾನಿಕ!"

"ಹೊಳಪು ಹೋಯ್ತು. ವಿಜ್ಞಾನ ಮುಗೀತಲ್ಲ? ಈಗ ಈ ಚಪ್ಪಡಿ ಯಾರು ತಗೋತಾರೆ, ನಿಮ್ಮ ವಿಜ್ಞಾನವಾ?"

ಜಗಳ ರಾಜಿಯಲ್ಲಿ ಮುಗಿಯಿತು. ಯಜಮಾನರು ಮೂರು ಮಾದರಿ ತುಂಡುಗಳನ್ನು ಚೀಲದಲ್ಲಿ ಹೊತ್ತು, ಒಂದು ಭುಜ ಕೆಳಗೆ ಮಾಡಿಕೊಂಡು ಮನೆಗೆ ಬಂದರು. ಬಿಳಿ ಅಮೃತಶಿಲೆ, ಕಪ್ಪು ಗ್ರಾನೈಟ್, ಬೂದು ಬಣ್ಣದ ಸ್ಲೇಟುಗಲ್ಲು.

"ಇವತ್ತಿಂದ ಪ್ರಯೋಗ ಶುರು!" ಅಂದರು. "ಅಮೃತಶಿಲೆ ನನಗೆ, ಗ್ರಾನೈಟ್ ನಿನಗೆ, ಸ್ಲೇಟು ಅತ್ತೆಯವರಿಗೆ. ಎಲ್ಲರೂ ತೊಡೆ ಮೇಲೆ ಕಲ್ಲಿಟ್ಟು, ಕಲ್ಲಿನ ಮೇಲೆ ತಟ್ಟೆಯಿಟ್ಟು ಉಣ್ಣಬೇಕು. ಚೆನ್ನಾಗಿ ಚೆಲ್ಲಬೇಕು. ಚೆಲ್ಲದೆ ಉಂಡರೆ ಪ್ರಯೋಗ ಕೆಡುತ್ತೆ!"

ಅತ್ತೆಯವರು ತಮ್ಮ ಪಾಲಿನ ಕಲ್ಲನ್ನು ಒಮ್ಮೆ ನೋಡಿದರು, ಅಳಿಯನನ್ನು ಒಮ್ಮೆ ನೋಡಿದರು.

"ಅಳಿಯಂದಿರೇ, ಸತ್ತ ಮೇಲೆ ಮೈಮೇಲೆ ಕಲ್ಲಿಡೋದು ಕೇಳಿದ್ದೆ. ನೀವು ಇಷ್ಟು ಅವಸರ ಮಾಡ್ತೀರಿ ಅಂತ ಗೊತ್ತಿರಲಿಲ್ಲ."

ಆ ದಿನಗಳಲ್ಲಿ ಆ ಮನೆಯಲ್ಲಿ ಚೆಲ್ಲಿದಷ್ಟು ಕಾಫಿ ಕುಡಿದಿರಲಿಲ್ಲ. ಎಣ್ಣೆ ಸುರಿದರು, ಬೀಟ್‌ರೂಟ್ ತುರಿದು ಹಚ್ಚಿದರು, ಒಲೆಯಿಂದಿಳಿಸಿದ ಪಾತ್ರೆಯನ್ನು ಹಾಗೇ ಕುಕ್ಕಿದರು. ಹೆಂಡತಿ ಪಾಳಿ ಮುಗಿಸಿ ಬಂದು, ಸೋತ ಕಾಲು ಚಾಚಿ, ತೊಡೆಯ ಮೇಲೆ ಕಲ್ಲಿಟ್ಟುಕೊಂಡು ಉಣ್ಣುತ್ತಿದ್ದಳು. ನಡುಮನೆಯಲ್ಲಿ ನಿಂತ ಚೌಕಟ್ಟಿಗೆ ಮೂವರೂ ಸರದಿಯ ಮೇಲೆ ಮೊಣಕಾಲು ಒಡೆದುಕೊಂಡರು. ಅತ್ತೆಯವರು ಅದಕ್ಕೆ ಒದ್ದೆ ಸೀರೆ ಹರವಿ ಸೇಡು ತೀರಿಸಿಕೊಂಡರು.

ಕೊನೆಗೆ ಫಲಿತಾಂಶ ಬಂತು. ಸ್ಲೇಟು ಪದರು ಪದರಾಗಿ ಎದ್ದಿತ್ತು. ಅಮೃತಶಿಲೆ ಸಿಡುಬು ಬಂದ ಮುಖದ ಹಾಗಾಗಿತ್ತು. ಗ್ರಾನೈಟ್ ಮಾತ್ರ ಹೇಗೆ ಬಂದಿತ್ತೋ ಹಾಗೇ ಮಿರಮಿರ ಮಿಂಚುತ್ತಾ ಕೂತಿತ್ತು.

ಯಜಮಾನರ ಮುಖ ಹುಳ್ಳಗಾಯಿತು. ಗ್ರಾನೈಟ್ ಪಾಸು ಅಂದರೆ ಹೆಂಡತಿ ಪಾಸು. ಹೆಂಡತಿ ಮೊದಲ ದಿನ ಒಂದೇ ಉಸಿರಿಗೆ ಹೇಳಿದ ಮಾತನ್ನು ಹೇಳುವುದಕ್ಕೆ ಇಷ್ಟು ನಿಂಬೆಹಣ್ಣು, ಇಷ್ಟು ಕಾಫಿ, ಅತ್ತೆಯವರ ಎರಡು ತೊಡೆ ಖರ್ಚಾಗಿದ್ದವು! ಹಾಗಾದರೆ ಈ ಮನೆಯಲ್ಲಿ ಪರೀಕ್ಷಕ ಅನ್ನುವವನು ಯಾಕಿರಬೇಕು? ಅವರು ಕಲ್ಲನ್ನು ಬೆಳಕಿಗೆ ಹಿಡಿದರು, ಬೆರಳಲ್ಲಿ ತಟ್ಟಿದರು, ರೂಢಿಯಂತೆ ಮೂಸಿಯೂ ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು ತೀರ್ಪಿತ್ತರು.

"ಗ್ರಾನೈಟ್‌ನಲ್ಲಿ ಒಂದು ಗಾಂಭೀರ್ಯ ಇಲ್ಲ. ಅಮೃತಶಿಲೆಯೇ ಸರಿ. ಮೇಲೊಂದು ಲೇಪ ಬಳಿದರೆ ಏನೂ ಆಗಲ್ಲ!"

ಹೆಂಡತಿ ಅವರ ಕೈಯಿಂದ ಗ್ರಾನೈಟ್ ತುಂಡನ್ನು ತೆಗೆದುಕೊಂಡು, ಒಮ್ಮೆ ಒರೆಸಿ ಚೀಲಕ್ಕೆ ಹಾಕಿದಳು. ಅದೇ ಪರೀಕ್ಷಕರಿಗೆ ಸ್ವಲ್ಪ ಇರುಸುಮುರುಸಾಯಿತು.

ಅಮೃತಶಿಲೆ ಬಂತು. ನಾಲ್ವರು ಆಳುಗಳು ಏದುಸಿರು ಬಿಡುತ್ತಾ ಅದನ್ನು ಚೌಕಟ್ಟಿನ ಮೇಲೆ ಇಳಿಸಿದಾಗ ನಡುಮನೆಗೆ ಬೆಳಕು ಬಂದಂತಾಯಿತು. ಹಾಲಿನ ಕೆನೆಯಂಥ ಬಿಳುಪು! ಹೆಂಡತಿಯೂ ಒಂದು ಕ್ಷಣ ಮೆಚ್ಚಿ, ಅಂಗೈ ಇಟ್ಟು ನೋಡಲು ಬಂದಳು.

"ಮುಟ್ಟಬೇಡ! ಕೈಯಲ್ಲಿ ಬೆವರಿರುತ್ತೆ. ಬೆವರು ಆಮ್ಲ!"

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಯಜಮಾನರು ಲೇಪ ಬಳಿದು, ಒಣಗಿಸಿ, ಮತ್ತೆ ಬಳಿದು, ನೊಣ ಕೂತರೂ ಜಾರಿ ಬೀಳುವ ಹಾಗೆ ಉಜ್ಜಿದರು. ಜೊತೆಗೆ ಅಪ್ಪಣೆ ಹೊರಟಿತು. ನಿಂಬೆ, ಟೊಮೇಟೊ, ಮೊಸರು ಮೇಜಿನ ಹತ್ತಿರ ಸುಳಿಯಕೂಡದು. ಬಿಸಿಯದು ಬೇಡ. ಬಣ್ಣದ್ದು ಬೇಡ.

"ಹಾಗಾದರೆ ಭಾನುವಾರ ಎಲ್ಲರಿಗೂ ಗ್ಲೂಕೋಸ್ ಏರಿಸಿ ಕಳಿಸೋಣ" ಅಂದಳು ಹೆಂಡತಿ.

ಭಾನುವಾರ ಆರು ಜನ ನರ್ಸುಗಳು ನಗುತ್ತಾ ಗಲಗಲ ಮಾತಾಡುತ್ತಾ ಒಳಗೆ ಬಂದರು. ಬಂದವರು ಮೇಜು ನೋಡಿ ನಿಂತುಬಿಟ್ಟರು. ಅಮೃತಶಿಲೆಯ ಮೇಲೆ ಕಂಬಳಿ, ಕಂಬಳಿಯ ಮೇಲೆ ಕಾರ್ಖಾನೆಯಿಂದ ತಂದ ರಬ್ಬರ್ ಶೀಟು, ಅದರ ಮೇಲೆ ಪ್ಲಾಸ್ಟಿಕ್ಕು. ಪಕ್ಕದಲ್ಲಿ ಯಜಮಾನರು, ಹೆಗಲ ಮೇಲೆ ಬಟ್ಟೆ.

"ಅಯ್ಯೋ, ರಬ್ಬರ್ ಶೀಟ್ ಹಾಸಿಬಿಟ್ಟಿದಾರೆ!" ಅಂದಳು ಒಬ್ಬಳು. "ಇವತ್ತು ಹೆರಿಗೆ ಯಾರಿಗೆ?"

ಅವರಲ್ಲೆಲ್ಲ ಹಿರಿಯವರಾದ ದೊಡ್ಡ ಸಿಸ್ಟರ್ ಕಂಬಳಿಯಂಚು ಎತ್ತಿ, ಕಲ್ಲಿನ ಮೇಲೆ ಎರಡು ಬೆರಳಿಟ್ಟು ನೋಡಿದರು. "ಪೇಷೆಂಟ್ ತಣ್ಣಗಾಗಿದೆ ಕಣ್ರೇ. ನಾಡಿ ಇಲ್ಲ. ಮನೆಯವರಿಗೆ ತಿಳಿಸಿಬಿಡಿ."

ಎಲ್ಲರೂ ಘೊಳ್ಳೆಂದರು. ಹೆಂಡತಿಯೂ ನಕ್ಕಳು. ಯಜಮಾನರು ಮಾತ್ರ ಕಂಬಳಿಯಂಚನ್ನು ಸರಿಮಾಡಿದರು.

ಅತ್ತೆಯವರು ಬಡಿಸಿದರು. ಮೂರು ಹಾಸಿನ ಧೈರ್ಯದ ಮೇಲೆ ಯಜಮಾನರು ಬೀಟ್‌ರೂಟ್ ಪಲ್ಯ, ಮೊಸರಿಗೆ ಹೇಗೋ ಒಪ್ಪಿದ್ದರು, ನಿಂಬೆಗೆ ಮಾತ್ರ ಇಲ್ಲ. ಹೆಂಡತಿ ಕುರ್ಚಿ ಎಳೆದುಕೊಂಡು ಕೂತಳು. ನಿಜವಾಗಿಯೂ ಕೂತಳು. ಎರಡೂ ಮೊಣಕೈ ಮೇಜಿನ ಮೇಲೆ ಊರಿ, ಒಂದು ತುತ್ತು ಕಲಸಿ, ಗೆಳತಿಯರ ಮುಖಗಳನ್ನೆಲ್ಲ ಒಂದು ಸುತ್ತು ನೋಡಿದಳು. ಅಷ್ಟರಲ್ಲಿ ಪಕ್ಕದಲ್ಲಿದ್ದವಳು ಕೇಳಿದಳು.

"ಒಂದು ಹೋಳು ನಿಂಬೆಹಣ್ಣು ಸಿಗಬಹುದಾ?"

ಅತ್ತೆಯವರು ಕೊಟ್ಟೇಬಿಟ್ಟರು. ಅವಳು ಹಿಂಡಿದಳು.

"ಆಮ್ಲ! ಆಮ್ಲ!"

ಯಜಮಾನರು ಮೈಗೆ ಬೆಂಕಿ ಬಿದ್ದವರಂತೆ ಹಾರಿ ಬಂದು, ಹನಿ ಕಲ್ಲಿಗಿಳಿಯುವ ಮುಂಚೆ ಹಾಸು ಎಳೆಯಬೇಕೆಂದು ಕಂಬಳಿಯ ಮೂಲೆಗೆ ಕೈ ಹಾಕಿದರು. ಎಳೆದದ್ದು ಒಂದು ಗೇಣು. ಅವರೇ ಉಜ್ಜಿ ಉಜ್ಜಿ ಜಾರುಬಂಡೆ ಮಾಡಿಟ್ಟಿದ್ದ ಕಲ್ಲು! ಕಂಬಳಿ, ರಬ್ಬರು, ಪ್ಲಾಸ್ಟಿಕ್ಕು ಮೂರೂ ಒಟ್ಟಿಗೆ ಸರ್ರನೆ ಜಾರಿದವು. ಬೀಟ್‌ರೂಟ್ ಪಲ್ಯದ ಪಾತ್ರೆ ಬೋರಲು ಬಿತ್ತು. ಮೊಸರು ಹರಿಯಿತು. ಅದರ ಬೆನ್ನಿಗೆ ನಿಂಬೆರಸ. ಹಾಲಿನ ಕೆನೆಯಂಥ ಅಮೃತಶಿಲೆಯ ನಟ್ಟನಡುವೆ ಒಂದು ಕೆಂಪು ಕೆರೆ.

"ಹಾಳು ಮಾಡಿಬಿಟ್ಯಲ್ಲ!" ಯಜಮಾನರು ಕೂಗಿದ್ದು ಹೆಂಡತಿಯ ಮೇಲೆ. "ಇವರನ್ನೆಲ್ಲ ಕರೆದು ಗುಡ್ಡೆ ಹಾಕು ಅಂತ ಯಾರು ಹೇಳಿದ್ರು ನಿನಗೆ?"

ಹೆಂಡತಿಯ ಕೈಯಲ್ಲಿ ಕಲಸಿದ ತುತ್ತು ಹಾಗೇ ಇತ್ತು. ಬಾಯಿಗೂ ಹೋಗಲಿಲ್ಲ, ತಟ್ಟೆಗೂ ಇಳಿಯಲಿಲ್ಲ. ಅವಳ ಕಿವಿಯ ತುದಿ ಕೆಂಪಾದದ್ದನ್ನು ಆರೂ ಜನ ನೋಡಿ, ನೋಡದವರಂತೆ ಕಣ್ಣು ತಪ್ಪಿಸಿದರು.

ದೊಡ್ಡ ಸಿಸ್ಟರ್ ಮೆಲ್ಲನೆ ಎದ್ದರು. "ಎಲ್ಲರೂ ತಟ್ಟೆ ತಗೊಳ್ಳಿ. ಅಡುಗೆಮನೆಗೆ ಹೋಗೋಣ. ನೀನೂ ಏಳಮ್ಮ."

ಅಡುಗೆಮನೆಯ ಬಾಗಿಲು ಹಾಕಿಕೊಂಡಿತು. ಸ್ವಲ್ಪ ಹೊತ್ತು ಒಳಗಿಂದ ಬರಿಯ ತಟ್ಟೆಗಳ ಸದ್ದು. ಆಮೇಲೆ ಯಾರೋ ಪಿಸುಗುಟ್ಟಿದರು, ಯಾರೋ ಕಿಸಕ್ಕೆಂದರು, ಕೊನೆಗೆ ಗೋಡೆ ನಡುಗುವ ಹಾಗೆ ಎಂಟು ಹೆಂಗಸರು ನಕ್ಕರು. ಅದರಲ್ಲಿ ಹೆಂಡತಿಯ ನಗೆ ಯಾವುದೆಂದು ಯಜಮಾನರಿಗೆ ಗುರುತು ಹತ್ತಲಿಲ್ಲ. ಕೇಳಿ ಬಹಳ ಕಾಲವಾಗಿತ್ತು. ಅವರು ಸೋಪಿನ ನೀರಿನಲ್ಲಿ ಒರೆಸುತ್ತಲೇ ಇದ್ದರು. ಕೆರೆ ಬತ್ತಿ ಮಾಸಲು ಗುಲಾಬಿ ಮಚ್ಚೆಯಾಯಿತು. ಅಲ್ಲಿಗೆ ನಿಂತಿತು.

ಹೊರಡುವಾಗ ದೊಡ್ಡ ಸಿಸ್ಟರ್ ಬಾಗಿಲಲ್ಲಿ ತಿರುಗಿ ಹೇಳಿದರು. "ಮುಂದಿನ ಭಾನುವಾರ ನಮ್ಮನೇಲಿ ಊಟ ಕಣಮ್ಮ. ಸಾರ್, ನಿಮ್ಮನ್ನ ಕರೆಯೋಕೆ ಭಯ. ನಮ್ಮ ಮೇಜು ಫೇಲಾಗಿಬಿಟ್ರೆ!"

ಎಲ್ಲರೂ ಹೋದ ಮೇಲೆ ಹೆಂಡತಿ ಬಂದು ಮೇಜಿನ ಎದುರು ನಿಂತಳು. ಸಿಟ್ಟಿರಲಿಲ್ಲ. ವಾರ್ಡಿನಲ್ಲಿ ವಾಸಿಯಾಗದ ರೋಗಿಯ ಚೀಟಿ ಓದುವಾಗಿನ ಮುಖ.

"ಗ್ರಾನೈಟ್ ಪಾಸಾಗಿತ್ತು ಅಲ್ವಾ?"

"...ಹೂಂ."

"ನನ್ನ ತೊಡೆ ಮೇಲೇ ಇತ್ತಲ್ಲ, ನನಗೂ ಗೊತ್ತಿತ್ತು. ಅದನ್ನ ಕೇಳಿದ್ದು ನಾನು. ಅದಕ್ಕೇ ಅದು ಬರಲಿಲ್ಲ."

ಯಜಮಾನರು ಬಟ್ಟೆ ಹಿಂಡಿದರು. ಹಿಂಡಲು ಅದರಲ್ಲಿ ನೀರಿರಲಿಲ್ಲ.

"ತಪ್ಪು ನನ್ನದೇ. ಇಷ್ಟು ವರ್ಷ ಸಂಸಾರ ಮಾಡಿ ನಿಮ್ಮ ಹತ್ತಿರ ಕೇಳೋದು ಹೇಗೆ ಅಂತ ಕಲೀಲಿಲ್ಲ ನೋಡಿ" ಅಂದಳು ಅವಳು. "ಈಗ ಕೇಳ್ತೀನಿ. ಈ ಅಮೃತಶಿಲೆ ನನಗೆ ತುಂಬಾ ಹಿಡಿಸಿದೆ. ಇದು ಇಲ್ಲೇ ಇರಬೇಕು. ಯಾವ ಕಾರಣಕ್ಕೂ ಈ ಮನೆಯಿಂದ ಕದಲಕೂಡದು!"

"ಅದು ಹೇಗಾಗುತ್ತೆ? ಫೇಲಾದ ಕಲ್ಲು ಈ ಮನೇಲಿ ಇರೋ ಹಾಗಿಲ್ಲ!" ಅಂದುಬಿಟ್ಟರು ಪರೀಕ್ಷಕರು.