ಕನ್ನಡಿ, ಫ್ಯಾನು ಮತ್ತು ನನ್ನ ಅಮೋಘ ನೆನಪು

"ಇನ್ನು ಮುಂದೆ ನಾನು ಯಾವುದನ್ನೂ ಮರೆಯುವುದಿಲ್ಲ!"

ಕೊರಳಲ್ಲಿ ಅಳತೆ ಟೇಪು ನೇತುಹಾಕಿಕೊಂಡು, ನಮ್ಮ ಮನೆಯ ಮುಂದಿನ ಕೋಣೆಯ ನಟ್ಟನಡುವೆ ನಿಂತು ನಾನು ಹೀಗೆಂದು ಘೋಷಿಸಿದೆ. ಸಭಿಕರು ಒಬ್ಬರೇ, ನಮ್ಮ ಯಜಮಾನರು. ಅವರು ಪತ್ರಿಕೆಯಿಂದ ತಲೆ ಎತ್ತದೆ, "ಒಲೆ ಮೇಲೆ ಹಾಲಿಟ್ಟಿದ್ದೆ ನೀನು," ಎಂದರು.

ಹಾಲು ಉಕ್ಕಿ ಒಲೆಯ ಕೆಳಗೆಲ್ಲ ಹರಿದಿತ್ತು. ಆದರೆ ಮಹತ್ಕಾರ್ಯ ಕೈಗೊಂಡವರು ಪಾತ್ರೆ ತಳಹಿಡಿದದ್ದಕ್ಕೆಲ್ಲ ಹಿಂಜರಿಯುತ್ತಾರೆಯೇ? ಒಲೆ ಒರೆಸಿ, ಕೈ ತೊಳೆದು ಬಂದು, ಬಿಟ್ಟ ಜಾಗದಿಂದಲೇ ಘೋಷಣೆಯನ್ನು ಮುಂದುವರಿಸಿದೆ.

ಈ ಆವೇಶಕ್ಕೆ ಕಾರಣ ಹಿಂದಿನ ದಿನ ಗ್ರಂಥಾಲಯದಲ್ಲಿ ನಾವಿಬ್ಬರೂ ಕೇಳಿದ ಒಂದು ಭಾಷಣ. ವಯಸ್ಸಾದ ಮೇಲೂ ನೆನಪಿನ ಶಕ್ತಿ ಕುಂದದಂತೆ ನೋಡಿಕೊಳ್ಳುವುದು ಹೇಗೆ ಎಂದು ಒಬ್ಬ ವೈದ್ಯೆ ಮಾತನಾಡಿದರು. ನಡೆಯಿರಿ, ಚೆನ್ನಾಗಿ ನಿದ್ದೆ ಮಾಡಿ, ನಾಲ್ಕು ಜನರ ಜೊತೆ ಮಾತಾಡಿ, ಹೊಸದನ್ನು ಕಲಿಯಿರಿ, ಮೆದುಳಿಗೂ ಮೈಗೆ ಕೊಟ್ಟ ಹಾಗೆ ಕೆಲಸ ಕೊಡಿ ಎಂದರು. ಆಮೇಲೆ ಒಂದು ಉಪಾಯ ಹೇಳಿಕೊಟ್ಟರು. ನೆನಪಿಡಬೇಕಾದ್ದನ್ನೆಲ್ಲ ನಿಮ್ಮ ಮನೆಯ ಒಂದೊಂದು ವಸ್ತುವಿನ ಮೇಲೆ ಮನಸ್ಸಿನಲ್ಲೇ ಇಟ್ಟುಬಿಡಿ, ಬೇಕಾದಾಗ ಮನೆಯೊಳಗೆ ಒಂದು ಸುತ್ತು ಬನ್ನಿ, ಎಲ್ಲವೂ ಸಿಗುತ್ತವೆ! ನಾನು ಕುರ್ಚಿಯ ತುದಿಗೆ ಬಂದು ಕೂತೆ. ನನಗಾಗಿಯೇ ಹೇಳಿದ ಹಾಗಿತ್ತು.

ಏಕೆಂದರೆ ನನ್ನ ತಲೆಯಲ್ಲಿ ಇರುವುದು ನನ್ನ ಮಾತಲ್ಲ, ಊರವರದು. ನಾನು ಮನೆಯಲ್ಲೇ ಬಟ್ಟೆ ಹೊಲಿಯುವವಳು. ಶಾಲೆಯ ಮೆಟ್ಟಿಲನ್ನು ಹತ್ತಿದ್ದಕ್ಕಿಂತ ಬೇಗ ಇಳಿದವಳು. ಹೊಲಿಗೆಯನ್ನು ಹಳೆಯ ಬಟ್ಟೆ ಬಿಚ್ಚಿ ಕಲಿತೆ, ಓದನ್ನು ಹಳೆಯ ಪತ್ರಿಕೆ ಬಿಡಿಸಿ ಕಲಿತೆ. ಅಂಚು ಮಡಿಸುವಷ್ಟು ಹೊತ್ತು ಗಿರಾಕಿಗಳು ಸ್ಟೂಲಿನ ಮೇಲೆ ಕೂರುತ್ತಾರೆ. ಕೂತವರು ಸುಮ್ಮನಿರುತ್ತಾರೆಯೇ? ಮಿಷನ್ನಿನ ಸದ್ದಿನಲ್ಲಿ ಬೇರೆ ಯಾರಿಗೂ ಕೇಳಿಸುವುದಿಲ್ಲವೆಂಬ ಧೈರ್ಯದಲ್ಲಿ ಮನಸ್ಸು ಬಿಚ್ಚುತ್ತಾರೆ. ನಾನು ಸಲಹೆ ಕೊಡುವುದಿಲ್ಲ, ಕೇಳುತ್ತೇನೆ. ಹೋಗುವಾಗ ಎಲ್ಲರೂ ಒಂದೇ ಮಾತು ಹೇಳುತ್ತಾರೆ: "ದೇವರ ಹತ್ರ ನಮ್ಮದೂ ಒಂದು ಮಾತು ಹಾಕಿ."

ಹಾಕುತ್ತೇನೆ. ಸಂಜೆ ಕೋಣೆ ಖಾಲಿಯಾದ ಮೇಲೆ ಒಬ್ಬೊಬ್ಬರನ್ನೇ ನೆನೆದು, ಇವರಿಗೆ ಇದು, ಅವರಿಗೆ ಅದು ಎಂದು ಬೇಡಿಕೊಳ್ಳುತ್ತೇನೆ. ಆ ಭಾಷಣದವರೆಗೆ ನನ್ನ ಗುರುತುಗಳೆಂದರೆ ಸೂಜಿ ಚುಚ್ಚಿಡುವ ದಿಂಬಿನ ಮೇಲಿನ ಬಣ್ಣದ ದಾರಗಳು. ಕಾಯಿಲೆಗೆ ನೀಲಿ, ಮಕ್ಕಳ ಚಿಂತೆಗೆ ಹಳದಿ. ಭಾಷಣ ಕೇಳಿ ಬಂದವಳು ಆ ದಾರಗಳನ್ನೆಲ್ಲ ಕಿತ್ತು ಕಸದ ಬುಟ್ಟಿಗೆ ಎಸೆದೆ. ಊರುಗೋಲು ಎಸೆದ ಕುಂಟನಂತೆ ಸೆಟೆದು ನಿಂತೆ!

ಉಪಾಯಕ್ಕೆ ನನ್ನದೇ ಒಂದು ಕಸೂತಿ ಸೇರಿಸಿದೆ. ಕೋಣೆಯ ಒಂದೊಂದು ಜಾಗಕ್ಕೆ ಒಬ್ಬೊಬ್ಬ ಮನುಷ್ಯ. ಆ ಜಾಗದಲ್ಲಿ ಯಾವ ವಸ್ತು ಇದೆಯೋ ಅದರ ಮೇಲೆ ಅವರ ಕಷ್ಟ. ಸಂಜೆ ಧೂಳಿನ ಬಟ್ಟೆ ಹಿಡಿದು ಒರೆಸುತ್ತಾ ಹೋದರೆ ಸಾಕು, ಪ್ರಾರ್ಥನೆಯೂ ಮುಗಿಯುತ್ತದೆ, ಧೂಳೂ ಹೋಗುತ್ತದೆ. ಹೇಗಿದೆ ನನ್ನ ಬುದ್ಧಿ!

ಬಾಗಿಲ ಪಕ್ಕದ ಜಾಗವನ್ನು ಮನೆ ಮಾಲೀಕರಿಗೆ ಕೊಟ್ಟೆ. ಅವರು ನಮ್ಮ ಮೇಲಿನ ಮಹಡಿಯಲ್ಲೇ ಇರುವವರು. ಗಂಟಲು ಕೆರೆದರೆ ಬೀದಿ ಕೊನೆಯ ನಾಯಿ ಎದ್ದು ನಿಲ್ಲುತ್ತದೆ, ಆದರೆ ಹೆಂಡತಿಯ ಮುಂದೆ ಮಾತ್ರ ಉಸಿರೂ ಅನುಮತಿ ಕೇಳಿಯೇ ಹೊರಡುತ್ತದೆ. ಪ್ಯಾಂಟಿನ ಸೊಂಟ ಸಡಿಲಿಸಿಕೊಳ್ಳಲು ಬಂದಾಗ ಅವರು ಪಿಸುಗುಟ್ಟಿದ್ದರು: "ಅಮ್ಮಾ, ಅವಳ ಗೊರಕೆ! ನಿದ್ದೆ ಅನ್ನೋದು ಕಂಡು ಎಷ್ಟು ಕಾಲ ಆಯ್ತೋ. ಬಾಯಿ ಬಿಟ್ಟು ಹೇಳಿದ್ರೆ ನನ್ನ ಕಥೆ ಮುಗೀತು. ದೇವರಿಗೆ ಮಾತ್ರ ಹೇಳಿ." ಬಾಗಿಲ ಪಕ್ಕದಲ್ಲಿ ಇದ್ದದ್ದು ಗೊರ್ರ್ ಎಂದು ತಿರುಗುವ ನಮ್ಮ ಹಳೆಯ ಟೇಬಲ್ ಫ್ಯಾನು. ಗೊರಕೆಗೆ ಅದಕ್ಕಿಂತ ಒಳ್ಳೆಯ ಪೀಠ ಎಲ್ಲಿ ಸಿಕ್ಕೀತು?

ಕಿಟಕಿ ಮೂಲೆ ಗಡಿಯಾರ ರಿಪೇರಿಯವರದು. ನಡುವಯಸ್ಸು, ಒಂಟಿ ಮನುಷ್ಯ. ಅಂಗಿಯ ಕಾಲರ್ ತಿರುಗಿಸಿ ಹೊಲಿಸಿಕೊಳ್ಳಲು ಬಂದವರು, ಕಾಲರ್ ಹೊಲಿದು ಗುಂಡಿ ಹಾಕಿದ ಮೇಲೆ ಬಾಯಿ ಬಿಟ್ಟರು. ಅವರ ಅಂಗಡಿಗೆ ಅಂಟಿಕೊಂಡೇ ಇರುವ ಔಷಧಿ ಅಂಗಡಿಯಾಕೆಯ ಮೇಲೆ ಅವರಿಗೆ ಮನಸ್ಸಾಗಿದೆ. ಆಕೆಯನ್ನು ಅಂಗಡಿಯವರು ಬೇರೆ ಊರಿನ ತಮ್ಮ ಶಾಖೆಗೆ ಕಳಿಸುವ ಯೋಚನೆಯಲ್ಲಿದ್ದಾರೆ. ಮುಂದಿನ ತಿಂಗಳ ಮೊದಲ ಸೋಮವಾರ ಆಕೆ ಅವರಿಗೆ ಹೌದು ಅಥವಾ ಇಲ್ಲ ಹೇಳಬೇಕು.

"ಅಷ್ಟರೊಳಗೆ ಕೇಳ್ಬೇಕಮ್ಮ. ಎದುರಿಗೆ ಹೋದ್ರೆ ನಾಲಿಗೆ ಎದ್ದೇಳಲ್ಲ. ತಲೆನೋವಿನ ಮಾತ್ರೆ ಕೇಳಿ ವಾಪಸ್ ಬರ್ತೀನಿ. ಮನೇಲಿ ಡಬ್ಬಿಗಟ್ಟಲೆ ಮಾತ್ರೆ ಇದೆ."

"ದೇವರಿದ್ದಾನೆ, ಕೇಳಿ."

"ನಾನೇ ಕೇಳೋವರೆಗೂ ಯಾರಿಗೂ ಗೊತ್ತಾಗಬಾರದು. ಅವರಿಗಂತೂ ಬೇರೆಯವರ ಬಾಯಿಂದ ಗೊತ್ತಾದ್ರೆ ನಾನು ಈ ಊರೇ ಬಿಟ್ಟುಬಿಡ್ತೀನಿ."

ಮಾತು ಕೊಟ್ಟೆ. ಕಿಟಕಿ ಮೂಲೆಯಲ್ಲಿದ್ದದ್ದು ಗಿರಾಕಿಗಳು ಬಟ್ಟೆ ಹಾಕಿ ನೋಡಿಕೊಳ್ಳುವ ನಿಲುಗನ್ನಡಿ. ಅದರ ಮೇಲೆ ಅವರ ಪ್ರೇಮವನ್ನು ಮೆಲ್ಲಗೆ ಇಟ್ಟೆ.

ವಾರಗಟ್ಟಲೆ ಎಲ್ಲವೂ ಸರಾಗವಾಗಿ ನಡೆಯಿತು. ಫ್ಯಾನು ಒರೆಸುವಾಗ ಮಾಲೀಕರಿಗೆ ನಿದ್ದೆ ಬೇಡಿದೆ, ಕನ್ನಡಿ ಒರೆಸುವಾಗ ಗಡಿಯಾರದವರಿಗೆ ನಾಲಿಗೆ ಬೇಡಿದೆ. ದೇವರಿಗೂ ನನ್ನ ಅಚ್ಚುಕಟ್ಟುತನ ಹಿಡಿಸಿರಬೇಕು ಎಂದುಕೊಂಡೆ!

ಆಮೇಲೆ ನಾನು ಅಕ್ಕನ ಮನೆಗೆ ಹೋಗಿ ಕೆಲವು ದಿನ ಇದ್ದು ಬಂದೆ. ಬಾಗಿಲು ತೆಗೆದ ಯಜಮಾನರ ಮುಖ ಹೊಳೆಯುತ್ತಿತ್ತು.

"ಒಳಗೆ ಬಾ. ಏನಾದ್ರೂ ಬದಲಾಗಿದೆಯಾ, ನೋಡಿ ಹೇಳು!"

ಬದಲಾಗದ್ದು ಏನಿತ್ತು, ಚಾವಣಿಯೊಂದು ಬಿಟ್ಟು! ಮಿಷನ್ನು ಗೋಡೆ ಬಿಟ್ಟು ಗೋಡೆಗೆ ಹೋಗಿತ್ತು. ನಿಲುಗನ್ನಡಿ ಬಾಗಿಲ ಪಕ್ಕದಲ್ಲಿ ನಿಂತು ನನ್ನನ್ನೇ ಸ್ವಾಗತಿಸುತ್ತಿತ್ತು. ಫ್ಯಾನು ಕಿಟಕಿ ಮೂಲೆಯಲ್ಲಿ ಗೊರ್ರೆನ್ನುತ್ತಿತ್ತು.

"ಏನ್ರೀ ಇದು ಅವಾಂತರ?"

"ಅವಾಂತರ ಅಲ್ವೇ, ವ್ಯಾಯಾಮ! ಅವತ್ತು ಡಾಕ್ಟರಮ್ಮ ಹೇಳಲಿಲ್ವಾ? ಮೆದುಳಿಗೆ ಹೊಸದು ಬೇಕು, ಆಗಾಗ ಮನೆ ಸಾಮಾನಿನ ಜಾಗ ಬದಲಾಯಿಸಿ ಅಂತ."

"ನಾನು ಕೇಳಿಸಿಕೊಳ್ಳಲಿಲ್ಲವಲ್ಲ!"

"ನೀನು ಆಗಲೇ ಕುರ್ಚಿ ತುದೀಲಿ ಕೂತು ನಿನ್ನ ಉಪಾಯವನ್ನ ಬಾಯಿಪಾಠ ಮಾಡ್ತಿದ್ದೆ. ಯಾಕೆ, ಇದರಿಂದ ನಿನ್ನ ನೆನಪಿಗೇನಾದ್ರೂ ತೊಂದರೆಯಾ?"

ಇಲ್ಲಿ ನಾನು "ಹೌದು" ಎನ್ನಬೇಕಿತ್ತು. ಒಂದೇ ಒಂದು ಪದ! ಆದರೆ ಕೋಣೆಯ ನಡುವೆ ನಿಂತು ಘೋಷಿಸಿದವಳು ನಾನು. "ನನ್ನ ನೆನಪೇನು ನಿಮ್ಮ ಕನ್ನಡಕವೇ, ಎತ್ತಿಟ್ಟ ಕೂಡಲೇ ಕಳೆದುಹೋಗೋಕೆ? ಇಡೀ ಮನೆಯನ್ನೇ ತಲೆಕೆಳಗೆ ಮಾಡಿ ಬೇಕಾದ್ರೆ!" ಎಂದೆ.

ಅಂದು ಸಂಜೆಯೇ ಧೂಳಿನ ಬಟ್ಟೆ ಹಿಡಿದು ಹೊರಟೆ. ಜಾಗಗಳು ಇದ್ದಲ್ಲೇ ಇದ್ದವು, ಆದ್ದರಿಂದ ಮನುಷ್ಯರೂ ಇದ್ದಲ್ಲೇ ನಿಂತಿದ್ದರು. ವಸ್ತುಗಳು ನಡೆದುಹೋಗಿದ್ದವು, ಅವುಗಳ ಬೆನ್ನ ಮೇಲೆ ಕೂತು ಕಷ್ಟಗಳೂ ನಡೆದುಹೋಗಿದ್ದವು! ಕಿಟಕಿ ಮೂಲೆಯ ಗಡಿಯಾರದವರಿಗೆ ಗೊರಕೆಯ ಕಾಟ ತಪ್ಪಲಿ ಎಂದು ಭಕ್ತಿಯಿಂದ ಬೇಡಿದೆ. ಬಾಗಿಲ ಪಕ್ಕದ ಮಾಲೀಕರಿಗೆ ಔಷಧಿ ಅಂಗಡಿಯಾಕೆಯ ಕೈ ಸಿಗಲಿ ಎಂದು ಅದಕ್ಕಿಂತ ಭಕ್ತಿಯಿಂದ ಬೇಡಿದೆ! ಒಳಗೆಲ್ಲೋ ಒಂದು ಎಳೆ ಜಗ್ಗಿದಂತಾಯಿತು. ಆದರೆ ಉಪಾಯ ಹೇಳಿದವರು ಡಾಕ್ಟರು, ಅನುಮಾನ ಪಟ್ಟವಳು ದರ್ಜಿ. ಅನುಮಾನವನ್ನೇ ಒರೆಸಿ ಹಾಕಿದೆ.

ಮರುದಿನ ಗಡಿಯಾರದವರು ಕಿತ್ತುಹೋದ ಗುಂಡಿ ಹಿಡಿದು ಬಂದರು. ಮುಖ ಬಾಡಿತ್ತು.

"ಕಿವಿಗೆ ಹತ್ತಿ ಇಟ್ಟುಕೊಂಡು ಮಲಗಿ," ಎಂದೆ ಮಮತೆಯಿಂದ. "ಗೊರಕೆ ಕೇಳಿಸೋದಿಲ್ಲ."

"ಯಾರ ಗೊರಕೆಯಮ್ಮ? ಮನೇಲಿ ನಾನೊಬ್ಬನೇ ಇರೋದು."

ಪಾಪ, ನಾಚಿಕೊಂಡು ಮುಚ್ಚಿಡುತ್ತಿದ್ದಾರೆ ಎಂದು ನಾನು ಮುಗುಳ್ನಕ್ಕೆ. ಅವರು ಗುಂಡಿಯ ಜೊತೆ ಗೊಂದಲವನ್ನೂ ಹಾಕಿಸಿಕೊಂಡು ಹೋದರು.

ಬಂತು ಆ ಶನಿವಾರ. ಆಕೆ ಉತ್ತರ ಹೇಳಬೇಕಾದ ಸೋಮವಾರಕ್ಕೂ ಅದಕ್ಕೂ ನಡುವೆ ಉಳಿದಿದ್ದು ಒಂದು ಭಾನುವಾರ. ಮಾಲೀಕರೂ ಅವರ ಹೆಂಡತಿಯೂ ಕಿಟಕಿ ಪರದೆಯ ಅಳತೆ ಕೊಡಲು ಕೆಳಗಿಳಿದು ಬಂದರು. ಆಕೆ ಒಳಕೋಣೆಯಲ್ಲಿ ಬಟ್ಟೆಯ ಬಣ್ಣಗಳನ್ನು ನೋಡುತ್ತಿದ್ದರು. ಮಾಲೀಕರು ಬಾಗಿಲ ಪಕ್ಕದಲ್ಲಿ, ಕನ್ನಡಿಯ ಮುಂದೆ ನಿಂತು ತಲೆ ಬಾಚಿಕೊಳ್ಳುತ್ತಿದ್ದರು. ಜಾಗ, ವಸ್ತು, ಮನುಷ್ಯ, ಮೂರೂ ಒಂದೇ ಗೆರೆಯಲ್ಲಿ! ನನ್ನ ನೆನಪು ಗಂಟೆ ಬಾರಿಸಿತು.

"ಇನ್ನು ಒಂದೇ ದಿನ ಇರೋದು ನಿಮಗೆ," ಎಂದೆ. "ಧೈರ್ಯ ಮಾಡಿ ಹೇಳಿಬಿಡಿ."

"ಯಾರಿಗೆ, ಏನನ್ನ?"

"ಔಷಧಿ ಅಂಗಡಿಯಾಕೆಗೆ, ನಿಮಗೆ ಅವರ ಮೇಲೆ ಮನಸ್ಸಾಗಿದೆ ಅಂತ! ದಿನಾ ದೇವರಿಗೆ ಹೇಳ್ತಾನೇ ಇದ್ದೀನಿ, ಅವರೂ ಒಪ್ತಾರೆ."

ಮಾಲೀಕರ ಕೈಯಲ್ಲಿದ್ದ ಬಾಚಣಿಗೆ ನೆಲಕ್ಕೆ ಬಿತ್ತು. ಅದಕ್ಕಿಂತ ದೊಡ್ಡ ಸದ್ದು ಬಂದದ್ದು ಒಳಕೋಣೆಯಿಂದ. ಪರದೆ ಬಟ್ಟೆಯ ಇಡೀ ಥಾನು ಬಿದ್ದಿತ್ತು.

"ಏನಂದ್ರಿ?" ಮಾಲೀಕರ ಹೆಂಡತಿ ಬಾಗಿಲಲ್ಲಿ ನಿಂತಿದ್ದರು. "ಯಾರ ಮೇಲೆ ಯಾರಿಗೆ ಮನಸ್ಸು?"

"ಲೇ, ದೇವರಾಣೆ, ನನಗೇನೂ ಗೊತ್ತಿಲ್ಲ ಕಣೇ..."

"ನಿಮಗೆ ಗೊತ್ತಿಲ್ಲ, ದೇವರಿಗೆ ದಿನಾ ಗೊತ್ತಾಗ್ತಿದೆ! ನಡೀರಿ ಅಂಗಡಿಗೆ. ಅವಳನ್ನೇ ಕೇಳ್ತೀನಿ!"

ಮುಂದೆ ಆಕೆ, ಹಿಂದೆ ಮಾಲೀಕರು, ಅವರ ಹಿಂದೆ ನಾನು, ನನ್ನ ಹಿಂದೆ ಒಂದು ಕಾಲಿಗೆ ಮಾತ್ರ ಚಪ್ಪಲಿ ಸಿಕ್ಕಿದ ನಮ್ಮ ಯಜಮಾನರು. ಹೀಗೆ ಬೀದಿಯಲ್ಲಿ ನಮ್ಮ ಮೆರವಣಿಗೆ ಸಾಗಿತು! ಓಡುತ್ತಲೇ ಯಜಮಾನರನ್ನು ಕೇಳಿದೆ: "ರೀ, ಮೊದಲು ಬಾಗಿಲ ಪಕ್ಕ ಏನಿತ್ತು?"

"ಫ್ಯಾನು!"

ಅಯ್ಯೋ ದೇವರೇ! ಫ್ಯಾನು!

ಔಷಧಿ ಅಂಗಡಿಯಲ್ಲಿ ಜನ ಸಾಲಾಗಿ ನಿಂತಿದ್ದರು. ಆಕೆ ಯಾರಿಗೋ ಕೆಮ್ಮಿನ ಸಿರಪ್ಪು ಕೊಡುತ್ತಿದ್ದರು. ಮಾಲೀಕರ ಹೆಂಡತಿ ನೇರವಾಗಿ ಹೋಗಿ ಮುಂದಿನ ಗಾಜಿನ ಮೇಲೆ ಕೈಯಿಟ್ಟರು.

"ನನ್ನ ಗಂಡನಿಗೆ ನಿಮ್ಮ ಮೇಲೆ ಮನಸ್ಸಂತೆ. ನಿಮಗೆ ಗೊತ್ತಾ?"

"ಇವರಿಗಾ?" ಆಕೆ ಮಾಲೀಕರನ್ನು ನೋಡಿದರು. "ಹೊಟ್ಟೆ ಉಬ್ಬರದ ಮಾತ್ರೆ ಬಿಟ್ಟು ಬೇರೇನೂ ಕೇಳಿಲ್ವಲ್ಲ ಇವರು!"

ಈಗ ನಾನು ಬಾಯಿ ಬಿಡಲೇಬೇಕು. ಬಿಟ್ಟರೆ ಗಡಿಯಾರದವರಿಗೆ ಕೊಟ್ಟ ಮಾತು ಹೋಗುತ್ತದೆ, ಬಿಡದಿದ್ದರೆ ಮಾಲೀಕರ ಸಂಸಾರ ಹೋಗುತ್ತದೆ. ಗಡಿಯಾರದವರ ಹೆಸರು ಎತ್ತದೆ ಮಾಲೀಕರನ್ನಷ್ಟೇ ಪಾರುಮಾಡೋಣ ಎಂದು ನಿರ್ಧರಿಸಿದೆ. ಕೊನೆಗೂ ಸರಿಯಾದ ನೆನಪು ಬಂದಿದೆಯಲ್ಲ, ಇನ್ನೇನು ಭಯ! ಎದೆಯುಬ್ಬಿಸಿ ಹೇಳಿದೆ:

"ತಪ್ಪು ನಂದಮ್ಮ. ಸಾಮಾನಿನ ಜಾಗ ಬದಲಾಗಿ ನನಗೆ ಹೆಚ್ಚುಕಮ್ಮಿ ಆಯ್ತು. ಪ್ರೀತಿಯ ಕಷ್ಟ ನಿಮ್ಮ ಯಜಮಾನರದ್ದಲ್ಲ. ಅವರು ಬಂಗಾರದಂಥ ಮನುಷ್ಯ. ಅವರ ಕಷ್ಟ ನಿಮ್ಮ ಗೊರಕೆ!"

ಸಿರಪ್ಪು ಹಿಡಿದವರು ಕೆಮ್ಮುವುದನ್ನೇ ನಿಲ್ಲಿಸಿದರು. ಮಾಲೀಕರು ಕಣ್ಣು ಮುಚ್ಚಿಕೊಂಡರು. ನಮ್ಮ ಯಜಮಾನರು ತೂಕದ ಯಂತ್ರ ಹತ್ತಿ, ಬಹಳ ಆಸಕ್ತಿಯಿಂದ ತಮ್ಮ ತೂಕ ನೋಡತೊಡಗಿದರು.

"ಗೊರಕೆ," ಎಂದರು ಮಾಲೀಕರ ಹೆಂಡತಿ, ತುಂಬಾ ಮೆಲ್ಲಗೆ. ಆಮೇಲೆ ನನ್ನ ಕಡೆ ತಿರುಗಿದರು. "ಇರಲಿ. ಹಾಗಾದ್ರೆ ಆ ಪ್ರೀತಿಯ ಕಷ್ಟ ಯಾರದ್ದು? ಹೇಳಿ. ಇಲ್ಲಾಂದ್ರೆ ನೀವು ಇವರನ್ನ ಉಳಿಸೋಕೆ ಕಥೆ ಕಟ್ತಿದ್ದೀರಿ ಅಂತಾನೇ ಅರ್ಥ."

ಸಾಲಿನವರೆಲ್ಲ ನನ್ನ ಬಾಯಿಯನ್ನೇ ನೋಡಿದರು. ಔಷಧಿ ಅಂಗಡಿಯಾಕೆಯೂ ನೋಡಿದರು. ನಾನು ತುಟಿ ಹೊಲಿದುಕೊಂಡು ನಿಂತೆ. ದೇವರೇ, ಈ ಒಂದು ಹೊಲಿಗೆ ಬಿಚ್ಚದ ಹಾಗೆ ನೋಡಿಕೋ ಎಂದು ಬೇಡಿಕೊಂಡೆ. ಆ ದಿನ ಸರಿಯಾದ ವಿಳಾಸಕ್ಕೆ ಹೋದ ಪ್ರಾರ್ಥನೆ ಅದೊಂದೇ!

"ನಂದು."

ಎಲ್ಲರೂ ಹಿಂದೆ ತಿರುಗಿದರು. ಗಡಿಯಾರದವರು ಕಣ್ಣಿಗೆ ಹಾಕಿಕೊಳ್ಳುವ ಭೂತಗನ್ನಡಿಯನ್ನು ತೆಗೆಯುವುದನ್ನೂ ಮರೆತು ಬಾಗಿಲಲ್ಲಿ ನಿಂತಿದ್ದರು. ಪಕ್ಕದ ಅಂಗಡಿಗೆ ಗೋಡೆಯೊಂದೇ ಅಡ್ಡ, ಎಲ್ಲವೂ ಕೇಳಿಸಿದೆ.

"ಆ ಕಷ್ಟ ನಂದು," ಎಂದರು ಇನ್ನೊಮ್ಮೆ. "ಅಮ್ಮನವರನ್ನ ಬಿಟ್ಟುಬಿಡಿ. ನಾನೇ ಕೇಳ್ತೀನಿ." ಆಕೆಯ ಕಡೆ ತಿರುಗಿದರು. "ನೀವು ಹೋಗಬೇಡಿ. ಹೋಗದೇ ಇದ್ದರೆ... ನನಗೆ ತಲೆನೋವಿಲ್ಲ. ಯಾವತ್ತೂ ಇರಲಿಲ್ಲ."

"ಗೊತ್ತು," ಎಂದರು ಆಕೆ. "ತಲೆನೋವಿರೋರು ಮಾತ್ರೆ ಮೇಲಿನ ಹೆಸರಾದ್ರೂ ನೋಡ್ತಾರೆ. ನಾನು ರಿಪೇರಿಗೆ ತರ್ತಿದ್ದ ವಾಚು ಎಷ್ಟು ಸಲ ನಿಜವಾಗ್ಲೂ ಕೆಟ್ಟಿತ್ತು ಹೇಳಿ?"

"ಒಂದು ಸಲವೂ ಇಲ್ಲ. ಯಾರೋ ಬೇಕೂಂತ ನಿಲ್ಲಿಸಿರ್ತಿದ್ರು."

"ಮತ್ತೆ ಎರಡೆರಡು ದಿನ ಯಾಕೆ ಇಟ್ಕೊಳ್ತಿದ್ರಿ?"

"ತಕ್ಷಣ ಕೊಟ್ಟುಬಿಟ್ರೆ ನೀವು ಒಂದೇ ಸಲ ಬರ್ತಿದ್ರಿ."

ಆಕೆ ನಕ್ಕರು. ಸಾಲಿನಲ್ಲಿ ಹಿಂದೆ ನಿಂತಿದ್ದ ಅಜ್ಜಿಯೊಬ್ಬರು ಕಣ್ಣೊರೆಸಿಕೊಂಡು, ನನ್ನ ಬಿ.ಪಿ. ಮಾತ್ರೆ ಆಮೇಲೆ ಕೊಟ್ಟರೂ ಆದೀತು ಎಂದರು. "ಆ ಊರಿಗೆ ಹೋಗಲ್ಲ ಅಂತ ಸೋಮವಾರ ಹೇಳ್ತೀನಿ," ಎಂದರು ಔಷಧಿ ಅಂಗಡಿಯಾಕೆ. ಆಮೇಲೆ ನನ್ನ ಕೈ ಹಿಡಿದು ಪ್ರೀತಿಯಿಂದಲೇ ಹೇಳಿದರು: "ಅಕ್ಕಾ, ಬಟ್ಟೆಗೆ ನಿಮ್ಮ ಹತ್ರಾನೇ ಬರ್ತೀವಿ. ದೇವರಿಗೆ ಏನಾದ್ರೂ ಹೇಳೋದಿದ್ರೆ ಮಾತ್ರ ಇನ್ಮೇಲೆ ನಾವೇ ನೇರವಾಗಿ ಹೇಳ್ಕೊತೀವಿ."

ಅಂದು ಸಂಜೆ ನಾನು ಧೂಳಿನ ಬಟ್ಟೆ ಹಿಡಿಯಲಿಲ್ಲ. ಸುಮ್ಮನೆ ಸ್ಟೂಲಿನ ಮೇಲೆ ಕೂತು, ದೇವರೇ, ಯಾರಿಗೆ ಏನು ಬೇಕೋ ನಿನಗೇ ನೆನಪಿದೆಯಲ್ಲ, ನಾನೇಕೆ ನಡುವೆ ಎಂದು ಕೈ ಮುಗಿದೆ. ಗೊರಕೆಯ ಕಾಟ ತಪ್ಪಲಿ ಎಂದು ನಾನು ಬೇಡಿದ ಗಡಿಯಾರದವರಿಗೆ ನಾಲಿಗೆ ಕೊಟ್ಟವನು ಅವನು. ನನ್ನ ತಪ್ಪು ಅಳತೆಯಲ್ಲೂ ಸರಿಯಾದ ಅಂಗಿಯನ್ನೇ ಹೊಲಿದಿದ್ದ. ಒಬ್ಬರಿಗಾದರೂ ಒಳ್ಳೆಯದಾಯಿತಲ್ಲ ಎಂದು ಮೆಲ್ಲಗೆ ಹೆಮ್ಮೆ ಮರಳುತ್ತಿತ್ತು. ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು.

ಮನೆ ಮಾಲೀಕರು! ಕಂಕುಳಲ್ಲಿ ದಿಂಬು, ಹೆಗಲ ಮೇಲೆ ಹೊದಿಕೆ.

"ಅವರು ಇನ್ನೂ ಕ್ಷಮಿಸಿಲ್ವಾ?" ಎಂದೆ. "ಆ ಪ್ರೀತಿಯ ವಿಷಯ ಸುಳ್ಳು ಅಂತ ಗೊತ್ತಾಯ್ತಲ್ಲ!"

"ಕೆಟ್ಟದ್ದಾದದ್ದೇ ಅದರಿಂದ," ಎಂದರು ಮಾಲೀಕರು ನಿಟ್ಟುಸಿರು ಬಿಟ್ಟು. "ನೀವು ನಿಮ್ಮ ಮೊದಲನೇ ಮಾತಿಗೇ ಅಂಟಿಕೊಂಡಿದ್ದಿದ್ರೆ, ಇಷ್ಟು ಹೊತ್ತಿಗೆ ನಾನು ಕಾಲು ಹಿಡಿದು ಕ್ಷಮೆ ಪಡೆದು ಮಲಗಿರ್ತಿದ್ದೆ. ನಿಮಗೆ ಸರಿಯಾಗಿ ನೆನಪಾಗಿದ್ದರಿಂದಲೇ ಅಮ್ಮಾ, ನಾನು ಬೀದಿಗೆ ಬಿದ್ದದ್ದು!"